ಅರಕ್ಕೆ ಮಣಿಯುವ ಹಲ್ಲು: ಮರಗೆಲಸದ ಹಳೆಯ ಹತ್ಯಾರುಗಳ ಸೆಳೆತದ ಹಿಂದಿನ ಕಥೆ

ಹಳೆಯ ಕೈಗರಗಸದ ಅಲಗಿನ ಅಗಲ ನೋಡಿದರೆ ಅದು ಎಷ್ಟು ದುಡಿದಿದೆ ಎಂದು ಊಹಿಸಬಹುದು. ಹಲ್ಲು ಮೊಂಡಾದಾಗಲೆಲ್ಲ ಬಡಗಿ ಅರ ಹಿಡಿದು ಒಂದೊಂದೇ ಹಲ್ಲನ್ನು ಉಜ್ಜುತ್ತಾನೆ. ಪ್ರತಿ ಸಲವೂ ಕೂದಲೆಳೆಯಷ್ಟು ಉಕ್ಕು ಹೋಗುತ್ತದೆ. ದಶಕಗಟ್ಟಲೆ ಹೀಗೆ ನಡೆದು ಅಂಗೈಯಗಲದ ಅಲಗು ಮೂರು ಬೆರಳಿನಷ್ಟಾಗುತ್ತದೆ, ಆದರೂ ಕೊಯ್ಯುತ್ತಲೇ ಇರುತ್ತದೆ. ಇಂದು ಹೆಚ್ಚಾಗಿ ಮಾರಾಟವಾಗುವ ಗರಗಸದ ಹಲ್ಲಿನ ತುದಿ ಕಪ್ಪು ನೀಲಿಯಾಗಿರುತ್ತದೆ. ಅಧಿಕ ಆವರ್ತನದ ವಿದ್ಯುತ್ತಿನಿಂದ ಆ ತುದಿಯನ್ನಷ್ಟೇ ಕ್ಷಣಮಾತ್ರ ಕಾಯಿಸಿ ಗಡುಸು ಮಾಡಿರುತ್ತಾರೆ. ಅದು ಬಹುಕಾಲ ಹರಿತವಾಗಿರುತ್ತದೆ, ನಿಜ. ಆದರೆ ಮೊಂಡಾದ ದಿನ ಅರ ಅದರ ಮೇಲೆ ಜಾರುತ್ತದೆ. ಆಮೇಲೆ ಎಸೆಯುವುದೊಂದೇ ದಾರಿ.

ಹಳೆಯ ಕೈಹತ್ಯಾರುಗಳ ಬಗ್ಗೆ ನಡೆಯುವ ವಾದವನ್ನು ಹೊರಗಿನಿಂದ ಕೇಳುವವರಿಗೆ ತಲೆಬುಡ ತಿಳಿಯುವುದು ಕಷ್ಟ. ಹಿಂದಿನ ಉಕ್ಕಿನಲ್ಲಿಯೇ ಏನೋ ವಿಶೇಷವಿತ್ತು ಎಂದು ಕೆಲವರು ಹೇಳುತ್ತಾರೆ. ಇದೆಲ್ಲ ಗತಕಾಲದ ಮೋಹ ಎಂದು ಇನ್ನು ಕೆಲವರು ತಳ್ಳಿಹಾಕುತ್ತಾರೆ. ಸಂಗ್ರಹಕಾರರು ತುಕ್ಕನ್ನೂ ಮುಟ್ಟಬೇಡಿ ಎನ್ನುತ್ತಾರೆ, ಕೆಲಸಗಾರರು ಕೊಂಡ ದಿನವೇ ಉಜ್ಜಿ ಹೊಳೆಯಿಸುತ್ತಾರೆ. ಈ ಗೋಜಲನ್ನು ಬಿಡಿಸಲು ನನಗೆ ಸರಿಯೆನಿಸುವ ಪ್ರಶ್ನೆ ಒಂದೇ: ಆಯಾ ಕಾಲದಲ್ಲಿ ಈ ಹತ್ಯಾರನ್ನು ಹಣ ಕೊಟ್ಟು ಕೊಳ್ಳುತ್ತಿದ್ದವರು ಯಾರು?

ಆರಂಭದ ಸಾವಿರಾರು ವರ್ಷಗಳನ್ನು ಬೇಗ ದಾಟಬಹುದು. ಹತ್ತರಿಯನ್ನೇ, ಅಂದರೆ ಮರದ ಮೈ ಹೆರೆದು ನಯಗೊಳಿಸುವ ಹತ್ಯಾರನ್ನೇ, ತೆಗೆದುಕೊಳ್ಳಿ. ಇಟಲಿಯ ಪಾಂಪೆಯಲ್ಲಿ ಜ್ವಾಲಾಮುಖಿಯ ಬೂದಿಯಡಿ ಸಿಕ್ಕಿದ ರೋಮನ್ನರ ಹತ್ತರಿಗೂ, 1545ರಲ್ಲಿ ಮುಳುಗಿದ ಇಂಗ್ಲೆಂಡಿನ ಯುದ್ಧನೌಕೆ ಮೇರಿ ರೋಸ್‌ನ ಬಡಗಿಗಳ ಪೆಟ್ಟಿಗೆಯಲ್ಲಿದ್ದ ಹತ್ತರಿಗಳಿಗೂ ಮೂಲ ತತ್ತ್ವ ಒಂದೇ. ಒಂದು ದಿಮ್ಮಿ, ಅದರಲ್ಲೊಂದು ಓರೆಯಾದ ಬಾಯಿ, ಬಾಯಿಯೊಳಗೆ ಬೆಣೆ ಹೊಡೆದು ಬಿಗಿದ ಅಲಗು. ಬಡಗಿಗಳು ಬಹುಮಟ್ಟಿಗೆ ಹತ್ತರಿಯ ಮರದ ಭಾಗವನ್ನು ತಾವೇ ಮಾಡಿಕೊಳ್ಳುತ್ತಿದ್ದರು. ಹತ್ತರಿ ಮಾಡುವುದನ್ನೇ ಕಸುಬಾಗಿಸಿಕೊಂಡು ತಮ್ಮ ಹೆಸರಿನ ಅಚ್ಚೊತ್ತುವವರು ಇಂಗ್ಲೆಂಡಿನಲ್ಲಿ ಕಾಣಿಸಿಕೊಂಡದ್ದು 17ನೇ ಶತಮಾನದ ಕೊನೆಗೆ.

ಆ ಅಚ್ಚುಗಳಲ್ಲಿ ಒಂದರ ಬಗ್ಗೆ ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್‌ನ ರೆಂಥಮ್‌ನಲ್ಲಿ ಫ್ರಾನ್ಸಿಸ್ ನಿಕಲ್ಸನ್ ಎಂಬ ಹತ್ತರಿ ತಯಾರಕನ ಬಳಿ ಸೀಸರ್ ಚೆಲೋರ್ ಎಂಬ ಗುಲಾಮನಿದ್ದ. 1753ರಲ್ಲಿ ನಿಕಲ್ಸನ್ ಸತ್ತಾಗ ಅವನ ಉಯಿಲಿನ ಮೂಲಕ ಚೆಲೋರ್‌ಗೆ ಬಿಡುಗಡೆಯೂ ಕಸುಬಿನ ಹತ್ಯಾರುಗಳೂ ಒಂದಿಷ್ಟು ಜಮೀನೂ ದೊರೆತವು. ಅಲ್ಲಿಂದ 1784ರಲ್ಲಿ ತೀರಿಕೊಳ್ಳುವವರೆಗೆ ಅವನು ಹತ್ತರಿಗಳನ್ನು ಮಾಡಿ, ಮೂತಿಯ ಮೇಲೆ ತನ್ನದೇ ಹೆಸರನ್ನೂ ಊರಿನ ಹೆಸರನ್ನೂ ಒತ್ತಿದ. ಆ ಕಾಲದ ಕಪ್ಪು ಜನರಲ್ಲಿ ಎಷ್ಟು ಮಂದಿಯ ಹೆಸರು ಅವರದೇ ಕೈಯಿಂದ ಮರದ ಮೇಲೆ ಉಳಿದಿದೆ? ಅವನ ಹತ್ತರಿಗಳು ಇಂದಿಗೂ ಸಿಗುತ್ತವೆ. ಅಲಗು ಹಾಕಿದರೆ ಕೆಲಸವನ್ನೂ ಮಾಡುತ್ತವೆ.

ತಯಾರಕನ ಅಚ್ಚಿನ ಪಕ್ಕದಲ್ಲಿ ಕೊಂಡವರ ಅಚ್ಚುಗಳೂ ಇರುತ್ತವೆ. ಕಸುಬು ಕಲಿಯಲು ಸೇರಿದ ಹುಡುಗರು ತಮ್ಮ ಹತ್ಯಾರುಗಳನ್ನು ತಾವೇ ಒಂದೊಂದಾಗಿ ಕೂಡಿಸಿಕೊಳ್ಳಬೇಕಿತ್ತು. ಹತ್ತು ಜನ ದುಡಿಯುವ ಕಡೆ ಅದಲುಬದಲಾಗದಿರಲಿ ಎಂದು ಪ್ರತಿಯೊಂದರ ಮೇಲೂ ಹೆಸರು ಒತ್ತುತ್ತಿದ್ದರು. ಮುದುಕನಾದ ಬಡಗಿ ಮಾರಿದ ಹತ್ತರಿಯ ಮೇಲೆ ಮುಂದಿನವನ ಹೆಸರು, ಅವನ ನಂತರ ಮತ್ತೊಬ್ಬನದು. ಬೀಚ್ ಮರದ ಹತ್ತರಿಯೊಂದರ ಮೂತಿಯಲ್ಲಿ ಮೂರು ನಾಲ್ಕು ಹೆಸರುಗಳು ಒತ್ತೊತ್ತಾಗಿ ಕಾಣುವುದು ಅಪರೂಪವಲ್ಲ.

ಇನ್ನು ಉಕ್ಕಿನ ವಿಷಯ. ಗಡಿಯಾರ ತಯಾರಕನಾಗಿದ್ದ ಬೆಂಜಮಿನ್ ಹಂಟ್ಸ್‌ಮನ್ ಒಳ್ಳೆಯ ಸ್ಪ್ರಿಂಗು ಸಿಗದೆ ಬೇಸತ್ತು, 1740ರ ದಶಕದಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ಬಳಿ ಮಣ್ಣಿನ ಮೂಸೆಯಲ್ಲಿ ಉಕ್ಕನ್ನು ಪೂರ್ತಿ ಕರಗಿಸುವ ವಿಧಾನ ಕಂಡುಕೊಂಡ. ಅಲ್ಲಿಯವರೆಗೆ ಒಂದೇ ಪಟ್ಟಿಯ ಒಂದು ಕಡೆ ಗಡುಸು, ಇನ್ನೊಂದು ಕಡೆ ಮೆದು ಇರುತ್ತಿದ್ದ ಉಕ್ಕು ಇದರಿಂದ ಏಕರೂಪವಾಯಿತು. ಮೂಸೆಯಲ್ಲಿ ಉಕ್ಕು ಮಾಡುವುದು ಅದಕ್ಕಿಂತ ಸಾವಿರಕ್ಕೂ ಹೆಚ್ಚು ವರ್ಷ ಮೊದಲೇ ದಕ್ಷಿಣ ಭಾರತದ ಕಮ್ಮಾರರಿಗೆ ಗೊತ್ತಿತ್ತು. ಯುರೋಪಿನವರು ಅದನ್ನು ಕರೆದ ‘ವೂಟ್ಸ್’ ಎಂಬ ಹೆಸರು ‘ಉಕ್ಕು’ ಎಂಬ ಪದದಿಂದಲೇ ಹುಟ್ಟಿತೆಂದು ಹಲವು ವಿದ್ವಾಂಸರ ಅಭಿಪ್ರಾಯ. 1820ರ ಸುಮಾರಿಗೆ ವಿಜ್ಞಾನಿ ಮೈಕೆಲ್ ಫ್ಯಾರಡೆ ಅದರ ಗುಟ್ಟು ತಿಳಿಯಲು ಪ್ರಯೋಗಗಳನ್ನೇ ನಡೆಸಿದ್ದರು.

ಶೆಫೀಲ್ಡಿನ ಮೂಸೆ ಉಕ್ಕು ದುಬಾರಿಯಾಗಿತ್ತು. ಹಾಗಾಗಿ ಅಲಗಿನ ಮೈಯನ್ನು ಮೆದು ಕಬ್ಬಿಣದಲ್ಲಿ ಬಡಿದು, ಕೊಯ್ಯುವ ಅಂಚಿಗೆ ಮಾತ್ರ ತೆಳುವಾದ ಉಕ್ಕಿನ ಪದರವನ್ನು ಕುಲುಮೆಯಲ್ಲಿ ಬೆಸೆಯುತ್ತಿದ್ದರು. ಹಣ ಉಳಿಸಲು ಮಾಡಿದ ಈ ಉಪಾಯದಿಂದ ಬಡಗಿಗೆ ಬೇರೊಂದು ಲಾಭವಾಯಿತು: ಸಾಣೆಗೆ ಹಿಡಿದಾಗ ಮೆದು ಕಬ್ಬಿಣ ಬೇಗ ಸವೆಯುವುದರಿಂದ ಅಲಗು ಕ್ಷಣದಲ್ಲಿ ಹರಿತವಾಗುತ್ತದೆ. ಹಳೆಯ ಉಕ್ಕಿನಲ್ಲಿ ಮಾಯೆ ಇತ್ತು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಇಂದಿನ ಮಿಶ್ರಲೋಹದ ಅಲಗುಗಳು ಅದಕ್ಕಿಂತ ಹೆಚ್ಚು ಹೊತ್ತು ಹರಿತ ಹಿಡಿದಿಡುತ್ತವೆ. ಆದರೆ ಸರಳ ಇಂಗಾಲದ ಉಕ್ಕು ಸುಲಭವಾಗಿ ಸಾಣೆಗೆ ಒಗ್ಗುತ್ತದೆ, ಅತಿ ನಯವಾದ ಅಂಚನ್ನು ಕೊಡುತ್ತದೆ. ದಿನಕ್ಕೆ ಹಲವು ಬಾರಿ ಸಾಣೆ ಹಿಡಿಯುವವನಿಗೆ ಬೇಕಾದದ್ದು ಅದೇ.

1828ರಲ್ಲಿ ವಿಲಿಯಂ ವುಡ್‌ವರ್ತ್ ಹಲಗೆ ನಯಗೊಳಿಸುವ ಯಂತ್ರಕ್ಕೆ ಪೇಟೆಂಟ್ ಪಡೆದಾಗ ಕೈಹತ್ತರಿಯ ದಿನಗಳು ಮುಗಿದವೆಂದು ಯಾರಿಗಾದರೂ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ನಡೆದದ್ದು ಬೇರೆ. ಯಂತ್ರ ಬೆನ್ನು ಮುರಿಯುವ ಕೆಲಸವನ್ನು ತೆಗೆದುಕೊಂಡಿತು. ಸಂದು ಕೂಡಿಸುವ, ಕಡೆಯ ನಯ ಕೊಡುವ ನಾಜೂಕು ಕೆಲಸ ಕೈಗೆ ಉಳಿಯಿತು. ಹಾಗಾಗಿ ಕೈಹತ್ಯಾರುಗಳು ಹಿಂದೆಂದೂ ಇಲ್ಲದಷ್ಟು ಸೂಕ್ಷ್ಮವಾದವು. ಇಂದು ಜನ ಹುಡುಕಿಕೊಂಡು ಹೋಗುವ ಹತ್ಯಾರುಗಳಲ್ಲಿ ಹೆಚ್ಚಿನವು ಈ ಕಾಲದವು, ಅಂದರೆ ಸುಮಾರು 1860ರಿಂದ ಎರಡನೆಯ ಮಹಾಯುದ್ಧದವರೆಗಿನವು.

ಮರದ ಹತ್ತರಿಯ ಅಲಗನ್ನು ಹೊಂದಿಸುವುದೇ ಒಂದು ವಿದ್ಯೆ. ಅಲಗಿನ ತಲೆಗೆ ಸುತ್ತಿಗೆಯಿಂದ ತಟ್ಟಿದರೆ ಅದು ಕೆಳಗಿಳಿಯುತ್ತದೆ, ದಿಮ್ಮಿಯ ಹಿಂಬದಿಗೆ ತಟ್ಟಿದರೆ ಮೇಲೇರುತ್ತದೆ. ಎಷ್ಟು ತಟ್ಟಬೇಕೆಂಬುದು ಕೈಗೆ ಹತ್ತಲು ತಿಂಗಳುಗಳೇ ಬೇಕು. ಬಾಸ್ಟನ್ನಿನ ಲೆನರ್ಡ್ ಬೇಲಿ ಎರಕದ ಕಬ್ಬಿಣದ ಹತ್ತರಿ ಮಾಡಿ, ಅಲಗಿನ ಹಿಂದೆ ಬೆರಳಿನಿಂದ ತಿರುಗಿಸುವ ಹಿತ್ತಾಳೆಯ ತಿರುಪನ್ನು ಕೂಡಿಸಿದ. ಅದಕ್ಕೆ 1867ರಲ್ಲಿ ಪೇಟೆಂಟ್ ಸಿಕ್ಕಿತು. ಹತ್ತರಿಯನ್ನು ಹಲಗೆಯ ಮೇಲಿಂದ ಎತ್ತದೆಯೇ, ಕೆಲಸದ ನಡುವೆಯೇ ಹೆರೆಯ, ಅಂದರೆ ಮರದಿಂದ ಏಳುವ ತೆಳು ಸಿಪ್ಪೆಯ, ದಪ್ಪವನ್ನು ಹೆಚ್ಚು ಕಡಿಮೆ ಮಾಡಬಹುದಾಯಿತು. 1869ರಲ್ಲಿ ಕನೆಕ್ಟಿಕಟ್‌ನ ನ್ಯೂ ಬ್ರಿಟನ್ನಿನ ಸ್ಟ್ಯಾನ್ಲಿ ಕಂಪನಿ ಬೇಲಿಯ ವ್ಯವಹಾರವನ್ನು ಕೊಂಡಿತು. ಅಂಗೈಯಲ್ಲಿ ಹಿಡಿಸುವ ಒಂದನೇ ನಂಬರಿನಿಂದ ಎರಡು ಅಡಿ ಉದ್ದದ ಎಂಟನೇ ನಂಬರಿನವರೆಗೆ ಆ ಹತ್ತರಿಗಳಿಗೆ ಕೊಟ್ಟ ಸಂಖ್ಯೆಗಳು ಎಷ್ಟು ಬೇರೂರಿದವೆಂದರೆ, ಇಂದಿಗೂ ಬೇರೆ ಬೇರೆ ತಯಾರಕರು ಅವನ್ನೇ ಬಳಸುತ್ತಾರೆ. ನಾಲ್ಕು ಎಂದರೆ ನಯಗೊಳಿಸುವ ಚಿಕ್ಕ ಹತ್ತರಿ, ಏಳು ಎಂದರೆ ಹಲಗೆಯ ಅಂಚನ್ನು ನೇರ ಮಾಡುವ 22 ಇಂಚಿನ ಹತ್ತರಿ.

ಇದೇ ಕಾಲದಲ್ಲಿ ಫಿಲಡೆಲ್ಫಿಯಾದಲ್ಲಿ ಹೆನ್ರಿ ಡಿಸ್ಟನ್ ಗರಗಸಗಳನ್ನು ಮಾಡುತ್ತಿದ್ದ. 1833ರಲ್ಲಿ ಇಂಗ್ಲೆಂಡಿನಿಂದ ಬಂದು ಇಳಿದ ಕೆಲವೇ ದಿನಗಳಲ್ಲಿ ತಂದೆಯನ್ನು ಕಳೆದುಕೊಂಡ ಹದಿಹರೆಯದ ಹುಡುಗ 1840ರಲ್ಲಿ ಸ್ವಂತ ಕೆಲಸ ಆರಂಭಿಸಿದ. 1855ರ ಹೊತ್ತಿಗೆ ಶೆಫೀಲ್ಡಿನ ಹಂಗು ತೊರೆದು ಉಕ್ಕನ್ನೂ ತಾನೇ ಕರಗಿಸತೊಡಗಿದ. ಅವನ ಉತ್ತಮ ಗರಗಸಗಳ ಅಲಗು ಹಲ್ಲಿನ ಕಡೆಗಿಂತ ಬೆನ್ನಿನ ಕಡೆ ತೆಳುವಾಗಿರುತ್ತದೆ, ಮರದ ಸೀಳಿನಲ್ಲಿ ಸಿಕ್ಕಿಕೊಳ್ಳದಿರಲಿ ಎಂದು. ಸೇಬಿನ ಮರದ ಹಿಡಿಯನ್ನು ಕೈಯಲ್ಲಿ ಹಿಡಿದವರಿಗೆ ತಿಳಿಯುತ್ತದೆ: ಹೆಬ್ಬೆರಳಿನ ಬುಡ ಎಲ್ಲಿ ಕೂರಬೇಕೋ ಅಲ್ಲಿಯೇ ತಗ್ಗು, ತೋರುಬೆರಳು ಚಾಚಿಕೊಳ್ಳಲು ಜಾಗ. ಅಟ್ಲಾಂಟಿಕ್‌ನ ಆಚೆ ಸ್ಕಾಟ್ಲೆಂಡಿನ ಏರ್ ಪಟ್ಟಣದ ಸ್ಪೈಯರ್ಸ್, ಲಂಡನ್ನಿನ ನಾರಿಸ್ ಎಂಬ ತಯಾರಕರು ಲೋಹದ ಚೌಕಟ್ಟಿಗೆ ರೋಸ್‌ವುಡ್ ತುಂಬಿದ ಭಾರದ ಹತ್ತರಿಗಳನ್ನು ಮಾಡುತ್ತಿದ್ದರು. ಗಂಟುಗಂಟಾದ, ಎಳೆ ತಿರುವಿದ ಮರವನ್ನು ಅವು ಗಾಜಿನಂತೆ ಹೆರೆಯುತ್ತವೆ.

ಈ ಹತ್ಯಾರುಗಳನ್ನು ಕೊಂಡವರು ಬಡಗಿಗಳು, ಪೀಠೋಪಕರಣ ಮಾಡುವವರು, ಹಡಗು ಕಟ್ಟುವವರು, ಪಿಯಾನೊ ತಯಾರಕರು. ಹಗಲೆಲ್ಲ ಅದನ್ನೇ ಹಿಡಿದು ದುಡಿಯುವವರು. ಹಿಡಿಯ ಅಂಚು ಕೈಗೆ ಒತ್ತಿದರೆ ಸಂಜೆಯೊಳಗೆ ಬೊಕ್ಕೆ ಏಳುತ್ತಿತ್ತು, ಮಾರನೆಯ ದಿನ ಆ ತಯಾರಕನ ಹೆಸರು ಕೆಡುತ್ತಿತ್ತು. ಪಿಯಾನೊ ಕುಶಲಿ ಹೆನ್ರಿ ಸ್ಟಡ್ಲಿ ಗೋಡೆಗೆ ತೂಗುಹಾಕುವ ಒಂದು ಪೆಟ್ಟಿಗೆಯಲ್ಲಿ ಸುಮಾರು 300 ಹತ್ಯಾರುಗಳನ್ನು, ಪ್ರತಿಯೊಂದಕ್ಕೂ ಎಬೊನಿ ಮತ್ತು ಮುತ್ತಿನ ಚಿಪ್ಪಿನ ಅಲಂಕಾರದ ಗೂಡು ಮಾಡಿ ಜೋಡಿಸಿಟ್ಟಿದ್ದ. ಕೂಲಿಯಿಂದ ಬದುಕುವ ಮನುಷ್ಯ ತನ್ನ ಹತ್ಯಾರುಗಳಿಗೆ ಕೊಟ್ಟ ಗೌರವ ಅದು.

ಎರಡನೆಯ ಮಹಾಯುದ್ಧದಲ್ಲಿ ಹಿತ್ತಾಳೆ ಮದ್ದುಗುಂಡುಗಳಿಗೆ ಹೋಯಿತು. ಹತ್ತರಿಯ ಹಿತ್ತಾಳೆ ತಿರುಪಿನ ಜಾಗಕ್ಕೆ ಗಟ್ಟಿ ರಬ್ಬರಿನದು ಬಂತು, ರೋಸ್‌ವುಡ್ ಹಿಡಿಯ ಬದಲು ಬಣ್ಣ ಬಳಿದ ಬೇರೆ ಮರ. ಯುದ್ಧ ಮುಗಿದ ಮೇಲೆ ಹಿತ್ತಾಳೆ ಮರಳಿತು, ಆದರೆ ಕೊಳ್ಳುವವರು ಬದಲಾಗಿದ್ದರು. ಕಾರ್ಖಾನೆಗಳಲ್ಲಿ ವಿದ್ಯುತ್ ಯಂತ್ರಗಳು ತುಂಬಿದವು. ಕಟ್ಟಡ ಕೆಲಸಗಾರರ ಕೈಗೆ ವಿದ್ಯುತ್ ಗರಗಸ ಬಂತು. ಕೈಹತ್ತರಿ ಕೊಳ್ಳುವವರು ಈಗ ಬಾಗಿಲು ಅಂಟಿಕೊಂಡಾಗ ವರ್ಷಕ್ಕೊಮ್ಮೆ ಎರಡು ಸಲ ಎಳೆಯುವ ಮನೆಯವರು. ಅವರಿಗೆ ಬೇಕಿದ್ದುದು ಕಡಿಮೆ ಬೆಲೆ, ಅದು ತಪ್ಪಲ್ಲ. ಕಡಿಮೆ ಬೆಲೆಗೆ ಕೊಡಬೇಕಾದವರು ಖರ್ಚು ಉಳಿಸುವ ಜಾಗಗಳನ್ನು ಹುಡುಕಿದರು, ಅದೂ ಸಹಜವೇ. ಅಲಗು ಕೂರುವ ಪೀಠವನ್ನು ನುಣುಪಾಗಿ ಕೊರೆಯುವುದನ್ನು ಕಡಿಮೆ ಮಾಡಿದರು. ಉಳಿಯ ಪಕ್ಕಗಳನ್ನು ತೆಳುವಾಗಿ ತಿಕ್ಕುವ ಶ್ರಮ ಬಿಟ್ಟರು. ಹಾಗಾಗಿ ಪಾರಿವಾಳದ ಬಾಲದಂತೆ ಹರಡಿದ ಸಂದಿನ ಮೂಲೆಗೆ ಆ ಉಳಿ ತೂರುವುದೇ ಇಲ್ಲ. ಗರಗಸದ ಹಿಡಿ ಚಪ್ಪಟೆಯಾಯಿತು, ಆಮೇಲೆ ಪ್ಲಾಸ್ಟಿಕ್ ಆಯಿತು. ಡಿಸ್ಟನ್ ಕುಟುಂಬದ ಕಂಪನಿ 1955ರಲ್ಲಿ ಬೇರೆಯವರ ಪಾಲಾಯಿತು. ಒಂದೊಂದು ಬದಲಾವಣೆಯನ್ನೂ ಬಿಡಿಯಾಗಿ ನೋಡಿದರೆ ಚಿಕ್ಕದು, ವಿವೇಕದ್ದು. ಮೂವತ್ತು ವರ್ಷ ಕೂಡಿಕೊಂಡಾಗ ನೋಡಲು ಹತ್ತರಿಯಂತಿದ್ದರೂ ಹತ್ತರಿಯ ಕೆಲಸ ಮಾಡದ ವಸ್ತು ಉಳಿದಿತ್ತು. ಅದರಲ್ಲಿ ಮೊದಲ ಪಾಠ ಕಲಿಯಲು ಹೋಗಿ, ತಪ್ಪು ತಮ್ಮ ಕೈಯದೇ ಎಂದುಕೊಂಡು ಮರಗೆಲಸ ಬಿಟ್ಟವರನ್ನು ನೆನೆದರೆ ನನಗೆ ನಿಜವಾಗಿಯೂ ನೋವಾಗುತ್ತದೆ.

ಅದೇ ವರ್ಷಗಳಲ್ಲಿ ಹಳೆಯ ಬಡಗಿಗಳ ಪೆಟ್ಟಿಗೆಗಳು ಅಟ್ಟಗಳಿಂದ ಇಳಿಯತೊಡಗಿದವು. ಯಾರಿಗೂ ಬೇಡವಾಗಿದ್ದ ಅವನ್ನು ಮೊದಲು ಕೊಂಡವರು ಸಂಗ್ರಹಕಾರರು. ಅಮೆರಿಕದಲ್ಲಿ ಹಳೆಯ ಕಸುಬುಗಳ ಅಧ್ಯಯನಕ್ಕೆ 1933ರಲ್ಲಿಯೇ ಒಂದು ಸಂಘ ಹುಟ್ಟಿತ್ತು. ತಿರುಪಿನ ಗಾತ್ರ, ಎರಕದ ಅಕ್ಷರ, ಪೇಟೆಂಟ್ ದಿನಾಂಕಗಳನ್ನು ಹೋಲಿಸಿ ಸ್ಟ್ಯಾನ್ಲಿಯ ಬೇಲಿ ಹತ್ತರಿಗಳನ್ನು ಇಪ್ಪತ್ತು ಪೀಳಿಗೆಗಳಾಗಿ ವಿಂಗಡಿಸಿದವರು ಇಂತಹ ಆಸಕ್ತರೇ. ಆ ಶ್ರಮವಿಲ್ಲದಿದ್ದರೆ ಎಷ್ಟೋ ಹತ್ಯಾರುಗಳು ಗುಜರಿಗೆ ಹೋಗುತ್ತಿದ್ದವು. ಆದರೆ ಅಪರೂಪಕ್ಕೆ ಬೆಲೆ ಬಂದೊಡನೆ ಕಾರ್ಯಕ್ಷಮತೆಗೂ ಬೆಲೆಗೂ ಸಂಬಂಧ ತಪ್ಪಿತು. ಐದೂವರೆ ಇಂಚಿನ ಒಂದನೇ ನಂಬರ್ ಹತ್ತರಿಯಿಂದ ಬಹುತೇಕ ಯಾವ ಕೆಲಸವೂ ಆಗುವುದಿಲ್ಲ, ಆದರೂ ಅದನ್ನು ಕೊಳ್ಳಲು ಭಾರೀ ಪೈಪೋಟಿ. ತುಕ್ಕು ತೆಗೆಯುವ ಜಗಳದಲ್ಲಿ ನಾನು ಕೆಲಸಗಾರರ ಕಡೆಗಿದ್ದೇನೆ, ಒಂದು ಷರತ್ತಿನೊಂದಿಗೆ: ಉಜ್ಜುವ ಚಕ್ರ ಬೇಡ. ವಾಷಿಂಗ್ ಸೋಡಾ ಕರಗಿಸಿದ ನೀರಿನಲ್ಲಿ ಮುಳುಗಿಸಿ ಸಣ್ಣ ಪ್ರಮಾಣದ ವಿದ್ಯುತ್ ಹರಿಸಿದರೆ ತುಕ್ಕು ಸಡಿಲವಾಗುತ್ತದೆ, ಅಚ್ಚೊತ್ತಿದ ಹೆಸರುಗಳು ಉಳಿಯುತ್ತವೆ.

ಹತ್ಯಾರು ಉಳಿದರೂ ಅದನ್ನು ಬಳಸುವ ತಿಳಿವಳಿಕೆ ಅಷ್ಟಾಗಿ ಉಳಿಯಲಿಲ್ಲ. ಹತ್ತರಿಯ ಅಲಗಿನ ಮೇಲೆ ಇನ್ನೊಂದು ಕಬ್ಬಿಣದ ಪಟ್ಟಿ ಕೂತಿರುತ್ತದೆ. 18ನೇ ಶತಮಾನದ ಉತ್ತರಾರ್ಧದಲ್ಲಿ ಬಳಕೆಗೆ ಬಂದ ಈ ಜೋಡಿ ಅಲಗು ಯಾಕಿದೆ ಎಂಬುದನ್ನೇ 20ನೇ ಶತಮಾನದ ಕೊನೆಯ ಹೊತ್ತಿಗೆ ಬಹುಮಂದಿ ಮರೆತಿದ್ದರು. ಜಪಾನಿನ ಸಂಶೋಧಕರಾದ ಕಾಟೊ ಮತ್ತು ಕವಾಯಿ ಸೂಕ್ಷ್ಮದರ್ಶಕದ ಮೂಲಕ ಚಿತ್ರೀಕರಿಸಿದ್ದ ದೃಶ್ಯಗಳು 2012ರ ಸುಮಾರಿಗೆ ಎಲ್ಲೆಡೆ ಹರಿದಾಡಿದಾಗ ಉತ್ತರ ಕಣ್ಣೆದುರು ಬಂತು. ಆ ಪಟ್ಟಿಯನ್ನು ಅಂಚಿಗೆ ಕೂದಲೆಳೆಯಷ್ಟು ಹತ್ತಿರ ತಂದರೆ, ಮೇಲೇಳುವ ಹೆರೆ ಅಲ್ಲಿಯೇ ಮಡಚಿಕೊಳ್ಳುತ್ತದೆ, ಮರದ ಎಳೆ ಕಿತ್ತು ಬರುವುದಿಲ್ಲ. ಮಾರುಕಟ್ಟೆಯ ಮೂಲೆಯಲ್ಲಿ ಬಿದ್ದಿದ್ದ ಸಾಧಾರಣ ನಾಲ್ಕನೇ ನಂಬರ್ ಹತ್ತರಿಗಳೂ ಅಂದಿನಿಂದ ದುಬಾರಿ ಹತ್ತರಿಗಳ ಕೆಲಸ ಮಾಡತೊಡಗಿದವು.

ಒಳ್ಳೆಯ ಹೊಸ ಹತ್ಯಾರುಗಳೂ ಈಗ ಸಿಗುತ್ತವೆ. 1981ರಲ್ಲಿ ಅಮೆರಿಕದ ಮೇನ್ ರಾಜ್ಯದಲ್ಲಿ ಆರಂಭವಾದ ಲೀ-ನೀಲ್ಸನ್ ಕಂಪನಿ ಸ್ಟ್ಯಾನ್ಲಿ ಕೈಬಿಟ್ಟಿದ್ದ ‘ಬೆಡ್‌ರಾಕ್’ ಎಂಬ ಹತ್ತರಿ ಮಾದರಿಯನ್ನೇ ಇನ್ನಷ್ಟು ನಿಖರವಾಗಿ ಮಾಡಿತು. ಬೇರೆಯವರೂ ಆ ದಾರಿ ಹಿಡಿದರು. ಕೊಳ್ಳುವವರು ಮತ್ತೆ ಹತ್ತರಿಯನ್ನು ನಿಜವಾಗಿ ದುಡಿಸುವವರಾದರು, ತಯಾರಿಕೆಯೂ ಹಿಂದಿರುಗಿತು.

ಜಪಾನಿನಲ್ಲಿ ಹಳೆಯದಕ್ಕೂ ಹೊಸದಕ್ಕೂ ನಡುವಿನ ಕೊಂಡಿ ಬೇರೆ ರೀತಿಯಲ್ಲಿ ಮುಂದುವರಿದಿದೆ. 1876ರಲ್ಲಿ ಖಡ್ಗ ಧರಿಸುವುದನ್ನು ನಿಷೇಧಿಸಿದಾಗ ಖಡ್ಗ ಮಾಡುವ ಕಮ್ಮಾರರಲ್ಲಿ ಕೆಲವರು ಹತ್ತರಿಯ ಅಲಗು, ಉಳಿಗಳತ್ತ ತಿರುಗಿದರು. ಅವರ ವಿಧಾನವೂ ಮೆದು ಕಬ್ಬಿಣಕ್ಕೆ ಗಡುಸು ಉಕ್ಕನ್ನು ಬೆಸೆಯುವುದೇ. ಆ ಮೆದು ಕಬ್ಬಿಣಕ್ಕೆ ಅವರು ಮೆಚ್ಚುವುದು ಹಿಂದಿನ ಬಡಿದ ಕಬ್ಬಿಣವನ್ನು. ವಾಣಿಜ್ಯ ಪ್ರಮಾಣದಲ್ಲಿ ಅದನ್ನು ತಯಾರಿಸುವುದು 1970ರ ದಶಕದ ಹೊತ್ತಿಗೆ ನಿಂತುಹೋಯಿತು. ಹಾಗಾಗಿ ಕಮ್ಮಾರರು ಹಳೆಯ ಹಡಗುಗಳ ಲಂಗರು ಮತ್ತು ಸರಪಳಿಗಳನ್ನು ಹುಡುಕಿ ತರುತ್ತಾರೆ, ತುಂಡು ಮಾಡಿ ಕುಲುಮೆಗೆ ಇಡುತ್ತಾರೆ, ಈ ವರ್ಷ ಮಾರಾಟವಾಗುವ ಹೊಸ ಅಲಗಿನ ಬೆನ್ನಾಗಿ ಬಡಿಯುತ್ತಾರೆ.