ಪೆಟ್ಟಿಗೆಯ ಜಗಳ ಕೋಣೆಗೆ ಬಂದದ್ದು: ಸಬ್‌ವೂಫರ್‌ನ ಹಿಂದಿನ ಕಥೆ

ಹೈಫೈ ಹುಚ್ಚಿನವರಲ್ಲಿ ಹಳೆಯದೊಂದು ತಕರಾರಿದೆ: ಮಂದ್ರ ಸ್ವರಗಳನ್ನಷ್ಟೇ ನುಡಿಸುವ ಸಬ್‌ವೂಫರ್ ಪೆಟ್ಟಿಗೆ ಇರುವುದು ಸಿನಿಮಾ ನೋಡುವವರಿಗೆ, ಸಂಗೀತ ಕೇಳುವವರಿಗಲ್ಲ. ಹೇಳುವವರ ಕಿವಿಯಲ್ಲಿ ದೋಷವಿಲ್ಲ. ಅವರು ಕೇಳಿರುವ ಸಬ್‌ವೂಫರ್‌ಗಳು ಬಹುಪಾಲು ಸೋಫಾದ ಪಕ್ಕದ ಮೂಲೆಯಲ್ಲಿ ಕುಳಿತು, ಎಲ್ಲ ಹಾಡಿಗೂ ಒಂದೇ ಸ್ವರದಲ್ಲಿ ಗುಂಯ್‌ಗುಡುವಂಥವು. ಆದರೆ ತಪ್ಪು ಯಾರದು ಎನ್ನುವಲ್ಲಿ ಅವರ ಲೆಕ್ಕ ತಪ್ಪಿದೆ. ಆ ಲೆಕ್ಕವನ್ನು ಎಂಜಿನಿಯರುಗಳೂ ಬಹುಕಾಲ ತಪ್ಪಿಯೇ ಹಾಕಿದ್ದರು. ದಶಕಗಳ ಕಾಲ ಅವರು ಪೆಟ್ಟಿಗೆಯೊಂದಿಗೆ ಗುದ್ದಾಡಿದರು. ನಿಜವಾದ ಆರೋಪಿ ಕೋಣೆ.

ಇಂದಿನ ಧ್ವನಿವರ್ಧಕದ ಮೂಲ ರೂಪವನ್ನು ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ 1925ರಲ್ಲಿ ಮುಂದಿಟ್ಟರು. ಸುರುಳಿ ಅಂಟಿಸಿದ ಕೋನ್ ಹಿಂದೆ ಮುಂದೆ ಚಲಿಸಿ ಗಾಳಿಯನ್ನು ತಳ್ಳುತ್ತದೆ. ಮಂದ್ರ ಸ್ವರಗಳ ಕಷ್ಟವೂ ಅಲ್ಲಿಂದಲೇ ಶುರು. ಒಂದು ಸ್ಥಾಯಿ ಕೆಳಗಿಳಿದು ಅದೇ ಜೋರಿನಲ್ಲಿ ನುಡಿಸಬೇಕಾದರೆ ಕೋನ್ ನಾಲ್ಕು ಪಟ್ಟು ದೂರ ಓಡಾಡಬೇಕು. ಎರಡು ಸ್ಥಾಯಿ ಇಳಿದರೆ ಹದಿನಾರು ಪಟ್ಟು. ಇಷ್ಟಾಗಿಯೂ ಕೇಳುವ ಕಿವಿ ಮಂದ್ರಕ್ಕೆ ಮಂದವೇ ಎಂಬುದನ್ನು ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ಅಳೆದು ತೋರಿಸಿದರು. ಅದೇ ಪ್ರಯೋಗಾಲಯದ ಆಲ್ಬರ್ಟ್ ಥುರಸ್, ಕೋನಿನ ಬೆನ್ನಿನಿಂದ ಹೊರಟ ಶಬ್ದವನ್ನು ಒಂದು ಕಿಂಡಿಯ ಮೂಲಕ ಕೆಲಸಕ್ಕೆ ಹಚ್ಚುವ ಪೆಟ್ಟಿಗೆಗೆ 1932ರಲ್ಲಿ ಪೇಟೆಂಟ್ ಪಡೆದರು. ಇಂದಿಗೂ ಅರ್ಧಕ್ಕರ್ಧ ಸಬ್‌ವೂಫರ್‌ಗಳ ಹೊಟ್ಟೆಯಲ್ಲಿ ಕಾಣುವ ಆ ಕೊಳವೆ ಅದರದೇ ಸಂತಾನ. ಆದರೂ ಮಂದ್ರ ಬೇಕೆಂದವರು ಬೀರುವಿನಂಥ ಪೆಟ್ಟಿಗೆಗೆ ಮನೆಯಲ್ಲಿ ಜಾಗ ಕೊಡಬೇಕಿತ್ತು.

ಅದನ್ನು ತಲೆಕೆಳಗು ಮಾಡಿದವರು ಎಡ್ಗರ್ ವಿಲ್ಚರ್. ನ್ಯೂಯಾರ್ಕ್ ರಾಜ್ಯದ ವುಡ್‌ಸ್ಟಾಕ್‌ನಲ್ಲಿ ವಾಸ, ನಗರದಲ್ಲಿ ಧ್ವನಿ ತಂತ್ರಜ್ಞಾನದ ಪಾಠ. ಕೋನನ್ನು ಬಿಗಿಯಾಗಿ ಹಿಡಿದು ವಾಪಸು ಎಳೆಯುವ ಕೆಲಸವನ್ನು ಬಟ್ಟೆ, ಕಾಗದದ ಅಂಚಿಗೆ ವಹಿಸುವುದರಿಂದಲೇ ವಿಕಾರ ಹುಟ್ಟುತ್ತದೆ ಎಂದು ಅವರಿಗೆ ಹೊಳೆಯಿತು. ಅಂಚನ್ನು ಸಡಿಲ ಬಿಟ್ಟು, ಪೆಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚಿ, ಒಳಗಿನ ಗಾಳಿಯನ್ನೇ ಸ್ಪ್ರಿಂಗ್ ಆಗಿ ಬಳಸಿದರು. ಪಾಠ ಕೇಳಲು ಬಂದಿದ್ದ ಹೆನ್ರಿ ಕ್ಲಾಸ್ ಎಂಬ ತರುಣನ ಜೊತೆಗೂಡಿ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿ ಅಕೌಸ್ಟಿಕ್ ರಿಸರ್ಚ್ ಕಂಪನಿ ತೆರೆದರು. 1954ರ ಅವರ ಎಆರ್-1 ಪೆಟ್ಟಿಗೆಯ ಉದ್ದ ಹೆಚ್ಚುಕಡಿಮೆ ಎರಡಡಿ. ಅದರ ಮಂದ್ರವೋ ದೈತ್ಯ ಪೆಟ್ಟಿಗೆಗಳನ್ನು ನಾಚಿಸುವಂಥದ್ದು. ನಾಲ್ಕೇ ವರ್ಷದಲ್ಲಿ ಸ್ಟೀರಿಯೋ ಎಲ್‌ಪಿಗಳು ಮಾರುಕಟ್ಟೆಗೆ ಬಂದು, ಒಂದಿದ್ದಲ್ಲಿ ಎರಡು ಧ್ವನಿವರ್ಧಕ ಬೇಕಾದಾಗ, ಚಿಕ್ಕ ಪೆಟ್ಟಿಗೆ ಗೆಲ್ಲದೆ ಇರುವುದು ಸಾಧ್ಯವೇ ಇರಲಿಲ್ಲ.

ಗೆಲುವು ಪುಕ್ಕಟೆ ಬರಲಿಲ್ಲ. ಎಆರ್-1ಕ್ಕೆ ಶಕ್ತಿಶಾಲಿ ಆಂಪ್ಲಿಫೈಯರ್ ಬೇಕಿತ್ತು. ಕ್ಲಾಸ್ ನಂತರ ಸೇರಿ ಕಟ್ಟಿದ ಕೆಎಲ್‌ಎಚ್ ಕಂಪನಿಯ ಪಾಲುದಾರ ಆಂಟನ್ ಹಾಫ್‌ಮನ್ (ಪಿಯಾನೋ ದಿಗ್ಗಜ ಜೋಸೆಫ್ ಹಾಫ್‌ಮನ್ನನ ಮಗ) ಹೆಸರಿನಲ್ಲಿ ಈ ವ್ಯವಹಾರಕ್ಕೊಂದು ಉಕ್ಕಿನ ನಿಯಮವೇ ಇದೆ. ಆಳವಾದ ಮಂದ್ರ, ಚಿಕ್ಕ ಪೆಟ್ಟಿಗೆ, ಕಡಿಮೆ ವಿದ್ಯುತ್ತಿಗೆ ಹೆಚ್ಚು ಶಬ್ದ: ಮೂರರಲ್ಲಿ ಎರಡನ್ನು ಆರಿಸಿಕೊಳ್ಳಿ, ಮೂರನೆಯದನ್ನು ಮರೆತುಬಿಡಿ. 1996ರಲ್ಲಿ ಬಾಬ್ ಕಾರ್ವರ್ ಹನ್ನೊಂದು ಅಂಗುಲದ ಘನಾಕಾರದ ಸನ್‌ಫೈರ್ ಸಬ್‌ವೂಫರ್‌ಗೆ ಸಾವಿರಾರು ವಾಟ್ ಆಂಪ್ಲಿಫೈಯರ್ ತುರುಕಿದ್ದು ನಿಯಮವನ್ನು ಮುರಿದಂತೆ ಕಂಡರೂ, ಮಾಡಿದ್ದು ಅದಕ್ಕೆ ಪೂರ್ತಿ ಶುಲ್ಕ ಕಟ್ಟಿದ್ದಷ್ಟೇ.

ಅಷ್ಟು ಹೊತ್ತಿಗೆ ಪೆಟ್ಟಿಗೆ ವಿನ್ಯಾಸ ಅಂದಾಜಿನ ಕಸುಬಾಗಿ ಉಳಿದಿರಲಿಲ್ಲ. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲೇ, ವೂಫರ್‌ನ (ಮಂದ್ರ ನುಡಿಸುವ ಕೋನಿನ ಘಟಕ) ಕೆಲವು ಅಳತೆಗಳಿಂದ ಪೆಟ್ಟಿಗೆಯ ಗಾತ್ರವನ್ನೂ ಕಿಂಡಿಯನ್ನೂ ಲೆಕ್ಕ ಹಾಕುವ ವಿಧಾನ ಪ್ರಕಟಿಸಿದ್ದರು. ಅದನ್ನು ಜಗತ್ತು ಗಮನಿಸಿದ್ದು 1971ರಲ್ಲಿ ಅಮೆರಿಕದ ಪತ್ರಿಕೆಯೊಂದು ಮರುಮುದ್ರಿಸಿದ ಮೇಲೆ. ಸಿಡ್ನಿ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಸ್ಮಾಲ್ ಅದನ್ನು ಮುಂದುವರಿಸಿದರು. ಇಂದು ಮನೆಯಲ್ಲೇ ಪೆಟ್ಟಿಗೆ ಕಟ್ಟುವ ಹವ್ಯಾಸಿಯೂ ಥೀಲ್-ಸ್ಮಾಲ್ ಅಂಕಿಗಳನ್ನು ನೋಡದೆ ಪ್ಲೈವುಡ್ ಕತ್ತರಿಸುವುದಿಲ್ಲ.

ಮಂದ್ರಕ್ಕೆಂದೇ ಬೇರೆ ಪೆಟ್ಟಿಗೆ ಇಡುವ ಯೋಚನೆ ಅರವತ್ತರ ದಶಕದ್ದು. ಕ್ಯಾಲಿಫೋರ್ನಿಯಾದ ರೇಮಂಡ್ ಡೋನ್ಸ್ 1964ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. 1968ರ ಹೊತ್ತಿಗೆ ಇನ್ಫಿನಿಟಿ ಕಂಪನಿಯ ಸರ್ವೋ-ಸ್ಟ್ಯಾಟಿಕ್ ಧ್ವನಿವರ್ಧಕ ವ್ಯವಸ್ಥೆ ಹದಿನೆಂಟು ಅಂಗುಲದ ವೂಫರ್ ಹೊತ್ತು ಬಂತು. 1973ರಲ್ಲಿ ಅಮೆರಿಕದ ಸ್ಟೀಲಿ ಡ್ಯಾನ್ ಎಂಬ ರಾಕ್ ತಂಡದವರು ತಮ್ಮ ಧ್ವನಿಮುದ್ರಣದ ಮಿಶ್ರಣವನ್ನು ಸರಿಯಾಗಿ ಕೇಳಿಸಿಕೊಳ್ಳಲು ಲಾಸ್ ಏಂಜಲೀಸ್‌ನ ಕೆನ್ ಕ್ರೈಸೆಲ್ ಕೈಯಲ್ಲಿ ಸಬ್‌ವೂಫರ್ ಮಾಡಿಸಿಕೊಂಡರು. ಅಂದರೆ ಈ ಸಲಕರಣೆಯ ಆರಂಭದ ಗಿರಾಕಿಗಳು ಸಂಗೀತಗಾರರೇ.

ಹೆಸರು ಕೆಡಿಸಿದ್ದು ಮರುವರ್ಷದ ಸಿನಿಮಾ. 1974ರ ‘ಅರ್ಥ್‌ಕ್ವೇಕ್’ ಚಿತ್ರಕ್ಕೆ ಯೂನಿವರ್ಸಲ್ ಸ್ಟುಡಿಯೋ ಸೆನ್‌ಸರೌಂಡ್ ಎಂಬ ವ್ಯವಸ್ಥೆ ತಂದಿತು. ಭೂಕಂಪದ ದೃಶ್ಯಕ್ಕೆ ಚಿತ್ರಮಂದಿರವೇ ನಡುಗಬೇಕು! ಹಾಲಿವುಡ್‌ನ ಚೈನೀಸ್ ಥಿಯೇಟರ್‌ನಲ್ಲಿ ಚಾವಣಿಯ ಗಾರೆ ಪ್ರೇಕ್ಷಕರ ತಲೆ ಮೇಲೆ ಉದುರೀತೆಂದು ಬಲೆ ಕಟ್ಟಬೇಕಾಯಿತು. 1992ರಲ್ಲಿ ಡಾಲ್ಬಿ ಡಿಜಿಟಲ್ ಬಂದಾಗ ಸ್ಫೋಟ, ಗುಡುಗುಗಳಿಗೆಂದೇ 120 ಹರ್ಟ್ಸ್‌ವರೆಗಿನ ಪ್ರತ್ಯೇಕ ಚಾನೆಲ್ ಸಿಕ್ಕಿತು; ಉಳಿದವುಗಳಿಗಿಂತ 10 ಡೆಸಿಬೆಲ್ ಜೋರಿಗೆ ಅವಕಾಶ. ಈ ಜೋರೇ ಅಂಗಡಿಗಳ ಪ್ರದರ್ಶನದ ಅಳತೆಗೋಲಾಯಿತು. ಸಂಗೀತಪ್ರಿಯರು ಮುಖ ಸಿಂಡರಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಈಗ ಕೋಣೆಗೆ ಬರೋಣ. ಹದಿನೈದು ಅಡಿ ಉದ್ದ, ಹನ್ನೆರಡು ಅಡಿ ಅಗಲ, ಹತ್ತಡಿ ಎತ್ತರದ ಕೋಣೆ ಎಂದುಕೊಳ್ಳಿ. 40 ಹರ್ಟ್ಸ್ ಸ್ವರದ ತರಂಗದೂರವೇ ಎಂಟೂವರೆ ಮೀಟರ್. ಕೋಣೆಯೊಳಗೆ ಅದು ಹಿಡಿಸುವುದೂ ಇಲ್ಲ. ಎದುರುಬದುರು ಗೋಡೆಗಳ ನಡುವೆ ಪುಟಿದು ಕೆಲವು ಆವೃತ್ತಿಗಳಲ್ಲಿ ಶಬ್ದ ನಿಂತ ಅಲೆಯಾಗುತ್ತದೆ: ಉದ್ದಕ್ಕೆ ಸುಮಾರು 37 ಹರ್ಟ್ಸ್, ಅಗಲಕ್ಕೆ 47, ಎತ್ತರಕ್ಕೆ 56, ಮತ್ತು ಇವುಗಳ ದುಪ್ಪಟ್ಟು, ಮುಪ್ಪಟ್ಟುಗಳು. ಒಂದು ಕುರ್ಚಿಯಲ್ಲಿ ಕಿವಿ ಒತ್ತುವಷ್ಟು ಬೇಸ್ (ಮಂದ್ರ ಶಬ್ದ), ಎರಡು ಹೆಜ್ಜೆ ಸರಿದರೆ ನಾಪತ್ತೆ. ಜರ್ಮನಿಯ ಭೌತವಿಜ್ಞಾನಿ ಮ್ಯಾನ್‌ಫ್ರೆಡ್ ಶ್ರೋಡರ್ ತೋರಿಸಿದಂತೆ, ಒಂದು ಗಡಿಯ ಕೆಳಗೆ ನಾವು ಕೇಳುವುದರಲ್ಲಿ ಕೋಣೆಯದೇ ಕಾರುಬಾರು. ಈ ಅಳತೆಯ ಕೋಣೆಗೆ ಆ ಗಡಿ 200 ಹರ್ಟ್ಸ್ ಆಸುಪಾಸಿನಲ್ಲಿದೆ.

ಇಲ್ಲಿ ನಮ್ಮ ಸಂಗೀತದ ಮಾತು ಬರುತ್ತದೆ. ಬೇಸ್ ಗಿಟಾರಿನ ಕೆಳತಂತಿ 41 ಹರ್ಟ್ಸ್, ಪಿಯಾನೋದ ಕೊನೆಯ ಮನೆ 27.5. ನಮ್ಮಲ್ಲಿ ಹಾರ್ಮೋನಿಯಂನ ಬಿಳಿ ಎರಡರ ಶ್ರುತಿಗೆ ಕೂಡಿಸಿದ ಗಂಡು ತಂಬೂರಿಯ ಖರಜ ತಂತಿಯೂ 73 ಹರ್ಟ್ಸ್‌ಗಿಂತ ಕೆಳಗಿಳಿಯುವುದಿಲ್ಲ. ಹಾಗಾದರೆ ನಮಗೆ ಸಬ್‌ವೂಫರ್ ಏಕೆ ಎಂದರೆ, ಆಳಕ್ಕಾಗಿ ಅಲ್ಲ, ನೇರ್ಪಿಗಾಗಿ. ತಬಲಾದ ಡಗ್ಗಾದ ಮೇಲೆ ಅಂಗೈ ಒತ್ತಿ ಜಾರಿಸುವ ಮೀಂಡನ್ನು ಗಮನಿಸಿ. ಸ್ವರ ಜಾರುತ್ತಾ ಕೋಣೆಯ ಅನುನಾದವೊಂದನ್ನು ದಾಟುವಾಗ ಅಲ್ಲೊಂದು ಕಡೆ ಉಬ್ಬುತ್ತದೆ, ಮುಂದೆ ಕುಗ್ಗುತ್ತದೆ. ಮೃದಂಗದ ಗುಮ್ಕಿಗೂ ಅದೇ ಗತಿ. ವಾದಕ ನುಣ್ಣಗೆ ಎಳೆದ ಗೆರೆಯಲ್ಲಿ ಕೋಣೆ ಗಂಟು ಹಾಕುತ್ತದೆ. ಇದನ್ನು ಮುಖ್ಯ ಧ್ವನಿವರ್ಧಕಗಳಿಂದ ಸರಿಪಡಿಸುವುದು ಕಷ್ಟ. ಗಾಯಕ ನಡುವೆ ನಿಂತು ಹಾಡಿದಂತೆ ಕೇಳಿಸಲು ಅವು ಇರಬೇಕಾದ ಜಾಗ ನಿಗದಿಯಾಗಿರುತ್ತದೆ. ಮಂದ್ರವನ್ನು ಬೇರೆ ಪೆಟ್ಟಿಗೆಗೆ ಒಪ್ಪಿಸಿದರೆ ಅದನ್ನು ಸರಿಯಾದ ಕಡೆ ಇಡಬಹುದು. 80 ಹರ್ಟ್ಸ್ ಕೆಳಗೆ ಶಬ್ದ ಎತ್ತಣಿಂದ ಬರುತ್ತಿದೆ ಎಂದು ಕಿವಿಗೆ ಗೊತ್ತಾಗುವುದು ತೀರಾ ಕಷ್ಟ. ಸಿನಿಮಾ ಧ್ವನಿಗೆ ಗುಣಮಟ್ಟ ನಿಗದಿ ಮಾಡುವ ಟಿಎಚ್‌ಎಕ್ಸ್ ಸಂಸ್ಥೆ, ಮನೆಯ ವ್ಯವಸ್ಥೆಗಳಲ್ಲಿ ಮಂದ್ರವನ್ನು ಬೇರ್ಪಡಿಸಲು ಆ ಅಂಕಿಯನ್ನೇ ಗೊತ್ತುಮಾಡಿದ್ದರ ಹಿನ್ನೆಲೆಯೂ ಇದೇ.

ಸರಿಯಾದ ಕಡೆ ಯಾವುದು? ಧ್ವನಿ ಸಲಕರಣೆ ತಯಾರಿಸುವ ಹರ್ಮನ್ ಕಂಪನಿಯ ಟಾಡ್ ವೆಲ್ಟಿ 2002ರಲ್ಲಿ ಮಂಡಿಸಿದ ಪ್ರಬಂಧ ನನ್ನ ದೃಷ್ಟಿಯಲ್ಲಿ ಈ ಕಥೆಯ ನಿಜವಾದ ತಿರುವು. ಸಬ್‌ವೂಫರ್ ಎಷ್ಟು ದೊಡ್ಡದು ಎಂಬುದನ್ನು ಬಿಟ್ಟು, ಎಷ್ಟು ಇರಬೇಕು, ಎಲ್ಲಿರಬೇಕು ಎಂದು ಅವರು ಕೇಳಿದರು. ಎದುರುಬದುರು ಗೋಡೆಗಳ ನಟ್ಟನಡುವೆ ಎರಡು, ಅಥವಾ ನಾಲ್ಕು ಗೋಡೆಗಳ ನಡುವೆ ಒಂದೊಂದು ಇಟ್ಟರೆ ಆಸನದಿಂದ ಆಸನಕ್ಕೆ ವ್ಯತ್ಯಾಸ ಗಣನೀಯವಾಗಿ ಇಳಿಯುತ್ತದೆ. ನಮ್ಮ ಕೋಣೆಯ ಹನ್ನೆರಡಡಿಯ ಎರಡು ಗೋಡೆಗಳ ಮಧ್ಯದಲ್ಲಿ ಒಂದೊಂದು ಇಟ್ಟೆವೆನ್ನಿ. 37 ಹರ್ಟ್ಸ್ ಅಲೆಯನ್ನು ಎರಡೂ ತುದಿಯಿಂದ ಎದುರಾಬದುರಾ ನೂಕುವುದರಿಂದ ಅದು ಎದ್ದೇಳುವುದಿಲ್ಲ. ಅಗಲದ 47 ಹರ್ಟ್ಸ್ ಅಲೆಗೆ ಗೋಡೆಯ ಮಧ್ಯ ನಿಶ್ಶಬ್ದ ಬಿಂದುವಾದ್ದರಿಂದ ಅದೂ ಕೆರಳುವುದಿಲ್ಲ. ಅಮೆರಿಕದ ಧ್ವನಿತಜ್ಞ ಅರ್ಲ್ ಗೆಡ್ಡೆಸ್ ಇನ್ನೊಂದು ದಾರಿ ಹಿಡಿದರು: ಸಮಮಿತಿಯ ಗೊಡವೆ ಬೇಡ, ಮೂರ್ನಾಲ್ಕು ಚಿಕ್ಕ ಸಬ್‌ವೂಫರ್‌ಗಳನ್ನು ಚದುರಿಸಿಬಿಡಿ. ಬಾಗಿಲು, ದೇವರಮನೆ, ಬೀರು ಇರುವ ನಮ್ಮ ಹಾಲ್‌ಗಳಿಗೆ ಹೊಂದುವುದು ಇದೇ.

ಹೊರದೇಶದ ಸಲಹೆಗಳನ್ನು ಓದುವಾಗ ಒಂದು ಎಚ್ಚರ ಬೇಕು. ಅಮೆರಿಕದ ಮನೆಗಳ ಮರದ ಚೌಕಟ್ಟಿನ ಜಿಪ್ಸಂ ಗೋಡೆಗಳು ತಾವೇ ಅಷ್ಟಿಷ್ಟು ಬಳುಕಿ ಬೇಸನ್ನು ನುಂಗುತ್ತವೆ. ನಮ್ಮ ಇಟ್ಟಿಗೆ, ಕಾಂಕ್ರೀಟು ನುಂಗುವುದಿಲ್ಲ, ವಾಪಸು ಒದೆಯುತ್ತದೆ. ಅಲ್ಲಿಗೆ ಬೇಕಾದಷ್ಟು ಜೋರು ಇಲ್ಲಿ ಬೇಡ. ಅಲ್ಲಿಗಿಂತ ಇಲ್ಲಿ ಜಾಗದ ಆಯ್ಕೆ ಹೆಚ್ಚು ಮುಖ್ಯ.

ಜಾಗವಾದ ಮೇಲೆ ಹೊಂದಾಣಿಕೆ. ಎಚ್‌ಪಿ ಕಂಪನಿಯ ಸೀಗ್‌ಫ್ರೀಡ್ ಲಿಂಕ್‌ವಿಟ್ಜ್, ಸಹೋದ್ಯೋಗಿ ರಸ್ ರೈಲಿ ನೆರವಿನಿಂದ 1976ರಲ್ಲಿ ವಿವರಿಸಿದ ಕ್ರಾಸ್‌ಓವರ್ (ಮಂದ್ರವನ್ನು ಸಬ್‌ವೂಫರ್‌ಗೂ ಉಳಿದದ್ದನ್ನು ಮುಖ್ಯ ಧ್ವನಿವರ್ಧಕಗಳಿಗೂ ಹಂಚುವ ಏರ್ಪಾಡು) ಇಂದು ಬಹುತೇಕ ಡಿಜಿಟಲ್ ಸಲಕರಣೆಗಳಲ್ಲಿದೆ. ಆದರೆ ಎರಡೂ ಕಡೆಯ ಶಬ್ದ ಒಂದೇ ಕಾಲಕ್ಕೆ ಕಿವಿ ತಲುಪದಿದ್ದರೆ ಅದೂ ನಿಷ್ಪ್ರಯೋಜಕ. ಒಂದು ಮಿಲಿಸೆಕೆಂಡಿನಲ್ಲಿ ಶಬ್ದ 34 ಸೆಂಟಿಮೀಟರ್ ಸಾಗುತ್ತದೆ. ಸಬ್‌ವೂಫರ್‌ನೊಳಗಿನ ಡಿಜಿಟಲ್ ಸಂಸ್ಕರಣೆ ಆರು ಮಿಲಿಸೆಕೆಂಡು ತಿಂದರೆ, ಕಣ್ಣಿಗೆ ಎಲ್ಲೇ ಕಂಡರೂ ಅದು ಎರಡು ಮೀಟರ್ ಹಿಂದೆ ಇದ್ದಂತೆ. ಆಗ ಮುಖ್ಯ ಧ್ವನಿವರ್ಧಕಗಳನ್ನೇ ಅಷ್ಟು ತಡಮಾಡಬೇಕು. ಪರೀಕ್ಷೆ ಸುಲಭ: ಕ್ರಾಸ್‌ಓವರ್ ಆವೃತ್ತಿಯ ಸ್ವರ ಹಾಕಿ, ಸಬ್‌ವೂಫರ್‌ನ ಧ್ರುವ ತಿರುಗಿಸಿ (ಕೋನ್ ಮುಂದೆ ಹೋಗಬೇಕಾದಾಗ ಹಿಂದೆ ಹೋಗುವಂತೆ ಮಾಡಿ), ಕೂರುವ ಜಾಗದಲ್ಲಿ ಶಬ್ದ ಅತಿ ಕಡಿಮೆಯಾಗುವವರೆಗೆ ವಿಳಂಬ ಹೊಂದಿಸಿ, ಬಳಿಕ ಧ್ರುವ ಮೊದಲಿನಂತೆ ಮಾಡಿ. ಅಳತೆಯ ಮೈಕ್ ಮತ್ತು ಉಚಿತವಾಗಿ ಸಿಗುವ ರೂಮ್ ಈಕ್ಯೂ ವಿಝಾರ್ಡ್ ತಂತ್ರಾಂಶವಿದ್ದರೆ ಊಹೆಯ ಕೆಲಸವೇ ಇಲ್ಲ. ಆವೃತ್ತಿಗೆ ತಕ್ಕಂತೆ ಜೋರನ್ನು ಹೆಚ್ಚುಕಡಿಮೆ ಮಾಡುವ ಈಕ್ವಲೈಸರ್‌ನಿಂದ ಉಬ್ಬುಗಳನ್ನು ತಗ್ಗಿಸಬಹುದು. ಅಲೆಗಳು ಪರಸ್ಪರ ಅಳಿಸಿಕೊಂಡ ಹಳ್ಳವನ್ನು ತುಂಬಹೊರಟರೆ ಆಂಪ್ಲಿಫೈಯರ್ ಬಿಸಿಯಾಗುತ್ತದೆ, ಹಳ್ಳ ಹಾಗೆಯೇ ಇರುತ್ತದೆ.

ಎಲ್‌ಪಿ ಕೇಳುವವರಿಗೆ ಇನ್ನೊಂದು ತಾಪತ್ರಯ. ಸೊಟ್ಟಗಾದ ತಟ್ಟೆಯ ಏರಿಳಿತ 20 ಹರ್ಟ್ಸ್‌ಗೂ ಕೆಳಗೆ ಕೋನನ್ನು ಸುಮ್ಮನೆ ಬಡಿದಾಡಿಸುತ್ತದೆ. ಅದನ್ನು ತಡೆಯುವ ರಂಬಲ್ ಫಿಲ್ಟರ್ ಇಲ್ಲದೆ ಸಬ್‌ವೂಫರ್ ಜೋಡಿಸಬಾರದು. ಇನ್ನು ಅಪಾರ್ಟ್‌ಮೆಂಟಿನವರು ಕೇಳುವ ಪ್ರಶ್ನೆ: ಕೆಳಗೆ ರಬ್ಬರ್ ಹಾಕಿದರೆ ಪಕ್ಕದ ಮನೆಗೆ ಕೇಳಿಸುವುದಿಲ್ಲವೇ? ನೆಲಕ್ಕೆ ನೇರವಾಗಿ ತಾಗುವ ಕಂಪನ ಅದರಿಂದ ಇಳಿಯುತ್ತದೆ, ಗಾಳಿಯ ಮೂಲಕ ಗೋಡೆ ದಾಟುವುದು ಇಳಿಯುವುದಿಲ್ಲ. ಹದಿನೈದು ಅಂಗುಲದ ಒಂದನ್ನು ಕೊಳ್ಳುವ ಹಣದಲ್ಲಿ ಎಂಟೋ ಹತ್ತೋ ಅಂಗುಲದ ಮುಚ್ಚುಪೆಟ್ಟಿಗೆಯ ಎರಡನ್ನು ಕೊಂಡು, ಕೇಳುವ ಜಾಗದಲ್ಲಿ ಬೇಸ್ ಸಮವಾಗುವಂತೆ ಇಟ್ಟರೆ ಕಡಿಮೆ ಜೋರೇ ಸಾಕಾಗುತ್ತದೆ. ಪಕ್ಕದವರಿಗೆ ತಲುಪುವುದೂ ಅಷ್ಟು ಕಡಿಮೆ.