ಹೆದೆಗೆ ಎಷ್ಟು ಹುರಿ?

ಸ್ವಯಂವರದ ಕಥೆಗಳಲ್ಲಿ ವೀರನ ಪರೀಕ್ಷೆ ಶುರುವಾಗುವುದು ಬಾಣ ಬಿಡುವಲ್ಲಿ ಅಲ್ಲ, ಹೆದೆ ಏರಿಸುವಲ್ಲಿ. ಜನಕನ ಆಸ್ಥಾನದಲ್ಲಿ ರಾಜರು ಸೋತದ್ದು ಅಲ್ಲೇ. ದ್ರುಪದನ ಸಭೆಯಲ್ಲೂ ಎಷ್ಟೋ ಮಂದಿ ಮೇಲಿದ್ದ ಗುರಿಯತ್ತ ಕಣ್ಣೆತ್ತುವ ಮೊದಲೇ ಬಿಲ್ಲಿನ ಮುಂದೆ ಕೈಚೆಲ್ಲಿದರು. ಚಿಕ್ಕಂದಿನಿಂದ ಕೇಳಿದ ಈ ಕಥೆಗಳು ನನಗೆ ತೋಳ್ಬಲದ ವರ್ಣನೆಗಳಾಗಿಯಷ್ಟೇ ಕಂಡಿದ್ದವು. ಬಿಲ್ಲುಗಾರಿಕೆ ಕಲಿಯಲು ಹೋದ ಮೇಲೆ ಅವು ಬೇರೆಯದೇ ಅರ್ಥ ಕೊಡತೊಡಗಿದವು. ಬಿಲ್ಲು ಬಿಲ್ಲಾಗುವುದೇ ಹೆದೆ ಏರಿದಾಗ. ಅದು ಎಷ್ಟು ಬಿಗಿಯಾಗಿ ಏರಿತು ಎಂಬುದರ ಮೇಲೆ ಬಾಣದ ಮುಂದಿನ ಗತಿಯೆಲ್ಲ ನಿಂತಿದೆ.

ಒಲಿಂಪಿಕ್ಸ್‌ನಲ್ಲಿ ನಾವು ನೋಡುವ ರಿಕರ್ವ್ ಬಿಲ್ಲಿಗೆ ನಡುವೆ ಲೋಹದ ರೈಸರ್, ಅದರ ಮೇಲೊಂದು ಕೆಳಗೊಂದು ಬಾಗುವ ಲಿಂಬ್. ಲಿಂಬ್‌ಗಳ ತುದಿಗಳು ಬಿಲ್ಲುಗಾರನಿಂದ ಆಚೆಗೆ ಮುಖಮಾಡಿ ಬಾಗಿರುತ್ತವೆ. ಹೆದೆ ಬಿಲ್ಲಿಗಿಂತ ಸ್ವಲ್ಪ ಗಿಡ್ಡ, ಹಾಗಾಗಿ ಅದನ್ನು ಏರಿಸಿದಾಗ ಲಿಂಬ್‌ಗಳು ಆಗಲೇ ಒಂದಷ್ಟು ಬಾಗಿ ನಿಲ್ಲುತ್ತವೆ. ಆಗ ಹಿಡಿಕೆಯ ಅತಿ ಆಳದ ಜಾಗದಿಂದ ಹೆದೆಯವರೆಗೆ ಇರುವ ದೂರವೇ ಬ್ರೇಸ್ ಹೈಟ್. 68 ಇಂಚಿನ ಬಿಲ್ಲಿಗೆ ಇದು ಸಾಮಾನ್ಯವಾಗಿ ಎಂಟೂವರೆಯಿಂದ ಒಂಬತ್ತು ಇಂಚು, ಅಂದರೆ 21.6ರಿಂದ 22.9 ಸೆಂ.ಮೀ. ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚಿನ ಈ ಅಂತರದೊಳಗೇ ಪ್ರತಿಯೊಂದು ಬಿಲ್ಲೂ ತನಗೆ ಒಗ್ಗುವ ಜಾಗವನ್ನು ಹುಡುಕಿಕೊಳ್ಳಬೇಕು.

ಕಲಿಕೆಯ ಮೊದಲ ವರ್ಷದ ಏಪ್ರಿಲ್‌ನಲ್ಲಿ ನಾನು ಹೊಸ ಹೆದೆ ಹಾಕಿದ್ದೆ. ವಾರ ಕಳೆಯುವಷ್ಟರಲ್ಲಿ ಒಂದೆಡೆ ಗುಂಪಾಗಿ ಬೀಳುತ್ತಿದ್ದ ಬಾಣಗಳು ಚೆದುರತೊಡಗಿದವು, ಹೆದೆ ಮಣಿಕಟ್ಟಿನ ಹತ್ತಿರ ಬಡಿಯತೊಡಗಿತು. ನಿಲುವು ತಿದ್ದಿದೆ, ಬೆರಳಿನ ಹಿಡಿತ ತಿದ್ದಿದೆ, ಗುರಿ ಹಿಡಿಯಲು ಬಿಲ್ಲಿಗೆ ಸಿಕ್ಕಿಸುವ ಸಾಧನವಾದ ಸೈಟನ್ನು ಮೂರು ಸಲ ಸರಿಸಿದೆ. ಕೊನೆಗೆ ಕೋಚ್ ಸರ್ ಬಂದು ಮಾತಿಲ್ಲದೆ 'ಟಿ' ಆಕಾರದ ಅಳತೆಪಟ್ಟಿಯನ್ನು ಹೆದೆಗೆ ಸಿಕ್ಕಿಸಿದರು. 22.2 ಇದ್ದದ್ದು 21.5ಕ್ಕೆ ಇಳಿದಿತ್ತು. ಹೊಸ ಹೆದೆ ಎಳೆದೆಳೆದು ತುಸು ಉದ್ದವಾಗಿತ್ತು, ಅಷ್ಟೇ. ಅವರು ಅದನ್ನು ಇಳಿಸಿ, ಒಂದು ತುದಿಯ ಕುಣಿಕೆ ಹಿಡಿದು ಕೆಲವು ಸುತ್ತು ಹುರಿ ಹಾಕಿ ಮತ್ತೆ ಏರಿಸಿಕೊಟ್ಟರು. ಅಂದಿನಿಂದ ಅಳೆಯದೆ ನಾನು ಮೊದಲ ಬಾಣ ಹೂಡಿಲ್ಲ.

ಏಳು ಮಿಲಿಮೀಟರ್ ಅಷ್ಟು ದೊಡ್ಡದೇ? ಬಾಣ ಹೊರಡುವ ಕ್ಷಣವನ್ನು ಬಿಡಿಸಿ ನೋಡೋಣ. ಗಲ್ಲದ ಕೆಳಗಿನವರೆಗೆ ಎಳೆದ ಹೆದೆಯನ್ನು ಬಿಟ್ಟಾಗ ಅದು ಸುಮಾರು ಅರ್ಧ ಮೀಟರ್ ಮುಂದಕ್ಕೆ ಧಾವಿಸಿ ತನ್ನ ವಿಶ್ರಾಂತಿಯ ಜಾಗಕ್ಕೆ ಬರುತ್ತದೆ. ಬಾಣಕ್ಕೆ ಶಕ್ತಿ ಸಿಗುವುದು ಆ ಅರ್ಧ ಮೀಟರಿನಲ್ಲಿ ಮಾತ್ರ. ನಿಂತಲ್ಲಿಂದ ಹೊರಟು ಸೆಕೆಂಡಿಗೆ 60 ಮೀಟರ್ ವೇಗ ಮುಟ್ಟುವ ಈ ಓಟಕ್ಕೆ ಹಿಡಿಯುವ ಹೊತ್ತು ಸೆಕೆಂಡಿನ ಸಾವಿರದಲ್ಲಿ ಹದಿನೈದು ಪಾಲಿನಷ್ಟು. ಹೆದೆ ವಿಶ್ರಾಂತಿಯ ಜಾಗ ತಲುಪುವ ಹೊತ್ತಿಗೆ ಬಾಣ ಅದರಿಂದ ಬಿಡಿಸಿಕೊಳ್ಳುತ್ತದೆ. ಅಂದರೆ ಬಿಲ್ಲಿಗೂ ಬಾಣಕ್ಕೂ ಇರುವ ಋಣ ಎಲ್ಲಿ ಹರಿಯಬೇಕು ಎಂಬುದನ್ನು ಗೊತ್ತುಮಾಡುವುದು ಬ್ರೇಸ್ ಹೈಟ್.

ಅದು ತಗ್ಗಿದರೆ ಹೆದೆಯ ಓಟ ಉದ್ದವಾಗುತ್ತದೆ, ಬಾಣಕ್ಕೆ ತುಸು ಹೆಚ್ಚು ಶಕ್ತಿ ಸಿಗುತ್ತದೆ. ಆದರೆ ಬಾಣ ಹೆದೆಯ ಮೇಲೆ ಇನ್ನಷ್ಟು ಹೊತ್ತು ಇರುವುದರಿಂದ ಬೆರಳಿನ ತಪ್ಪು, ಮುಂಗೈಯ ನಡುಕ ಎಲ್ಲಕ್ಕೂ ಅದು ಹೆಚ್ಚು ಹೊತ್ತು ಒಳಗಾಗುತ್ತದೆ. ಏರಿದರೆ ಬಾಣ ಬೇಗ ಬಿಡುಗಡೆ ಪಡೆಯುತ್ತದೆ, ವೇಗ ಚೂರು ಕಡಿಮೆ. ವೇಗದ ಆ ಚೂರನ್ನು ಕಡೆಗಣಿಸುವ ಹಾಗಿಲ್ಲ. ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದರೆ, ಸೆಕೆಂಡಿಗೆ 60 ಮೀಟರ್ ವೇಗದ ಬಾಣ ಒಲಿಂಪಿಕ್ಸ್‌ನ 70 ಮೀಟರ್ ದೂರ ಕ್ರಮಿಸುವಷ್ಟರಲ್ಲಿ ಗುರುತ್ವದಿಂದ 6.7 ಮೀಟರಿನಷ್ಟು ಕುಸಿಯುತ್ತದೆ. ವೇಗ 59 ಆದರೆ ಕುಸಿತ ಇನ್ನೂ 20 ಸೆಂ.ಮೀ.ಗಿಂತ ಹೆಚ್ಚು. ಗುರಿಹಲಗೆಯ ಹತ್ತು ಅಂಕದ ವೃತ್ತದ ಅಗಲವೇ 12.2 ಸೆಂ.ಮೀ.! ವೇಗದಲ್ಲಿ ಅರ್ಧ ಮೀಟರ್ ಏರುಪೇರಾದರೂ ನಡುವಿಗೆ ಬೀಳಬೇಕಾದ ಬಾಣ ಹತ್ತರಿಂದ ಹೊರಬೀಳುತ್ತದೆ. ವೇಗ ಹೆಚ್ಚೋ ಕಡಿಮೆಯೋ ಎಂಬುದು ಅಷ್ಟು ಮುಖ್ಯವಲ್ಲ, ಸೈಟನ್ನು ಅದಕ್ಕೆ ಹೊಂದಿಸಿಕೊಳ್ಳಬಹುದು. ಪ್ರತಿ ಬಾಣಕ್ಕೂ ಅದು ಒಂದೇ ಆಗಿರಬೇಕು.

ಇದರ ಜೊತೆಗೆ ಬಾಣದ ಬಾಗು ಬೇರೆ. ಬೆರಳಿಂದ ಬಿಟ್ಟ ಹೆದೆ ನೇರ ಮುಂದಕ್ಕೆ ಬರುವುದಿಲ್ಲ, ಬೆರಳ ತುದಿಗಳನ್ನು ಬಳಸಿಕೊಂಡು ಪಕ್ಕಕ್ಕೆ ಜಾರಿ ಬರುತ್ತದೆ. ಹಿಂದಿನಿಂದ ತಳ್ಳಿಸಿಕೊಂಡ ಬಾಣ ಮೀನಿನ ಹಾಗೆ ಎಡಕ್ಕೂ ಬಲಕ್ಕೂ ಬಳುಕುತ್ತ ರೈಸರನ್ನು ಬಳಸಿ ಹೊರಡುತ್ತದೆ. ಅಮೆರಿಕದ ಭೌತವಿಜ್ಞಾನಿ ಕ್ಲಾರೆನ್ಸ್ ಹಿಕ್‌ಮನ್ 1930ರ ದಶಕದಲ್ಲಿ ಅತಿವೇಗದ ಛಾಯಾಗ್ರಹಣದಿಂದ ಈ ಬಳುಕನ್ನು ಕಣ್ಣಿಗೆ ಕಾಣುವಂತೆ ಮಾಡಿದರು. ಬಳುಕಿನ ಯಾವ ಹಂತದಲ್ಲಿ ಬಾಣ ಹೆದೆಯಿಂದ ಕಳಚಿಕೊಳ್ಳುತ್ತದೆ ಎಂಬುದರ ಮೇಲೆ ಅದರ ಬಾಲ ರೈಸರಿಗೆ ಸವರುತ್ತದೋ ಇಲ್ಲವೋ ಎಂಬುದು ನಿಂತಿದೆ. ಬ್ರೇಸ್ ಹೈಟ್ ಬದಲಾದರೆ ಆ ಹಂತವೂ ಬದಲಾಗುತ್ತದೆ.

ಇಲ್ಲಿ ನನಗೆ ತುಂಬ ಪ್ರಿಯವಾದ ಒಂದು ವಿಷಯ ಹೇಳಬೇಕು. ಶಾಲೆಯ ಗಣಿತದಲ್ಲಿ ವೃತ್ತದ ಎರಡು ಬಿಂದುಗಳನ್ನು ಸೇರಿಸುವ ರೇಖೆಗೆ 'ಜ್ಯಾ' ಎಂದು ಕಲಿತಿದ್ದೇವೆ. ಜ್ಯಾ ಎಂದರೆ ಹೆದೆ. ವೃತ್ತದ ತುಣುಕು ಚಾಪ, ಅಂದರೆ ಬಿಲ್ಲು. ಜ್ಯಾದ ನಡುವಿನಿಂದ ಚಾಪದ ನಡುವಿನವರೆಗಿನ ದೂರಕ್ಕೆ ನಮ್ಮ ಹಳೆಯ ಗಣಿತಜ್ಞರು ಇಟ್ಟ ಹೆಸರು 'ಶರ', ಹೂಡಿದ ಬಾಣ. ವೃತ್ತದಲ್ಲಿ ಜ್ಯಾದ ಎರಡು ಬದಿಯ ಶರಗಳನ್ನು ಗುಣಿಸಿದರೆ ಅರ್ಧಜ್ಯಾದ ವರ್ಗ ಬರುತ್ತದೆ ಎಂದು ಆರ್ಯಭಟ ತನ್ನ ಆರ್ಯಭಟೀಯದಲ್ಲಿ ಹೇಳಿದ್ದಾನೆ. ಇಂದಿನ ಬಿಲ್ಲುಗಾರ ಪಟ್ಟಿ ಹಿಡಿದು ಅಳೆಯುವ ಬ್ರೇಸ್ ಹೈಟ್ ಹೆಚ್ಚುಕಡಿಮೆ ಆ ಶರವೇ.

ಈ ಜ್ಯಾಮಿತಿ ಒಂದು ಉಪಯುಕ್ತ ಗುಟ್ಟನ್ನೂ ಬಿಟ್ಟುಕೊಡುತ್ತದೆ. ಬಿಲ್ಲನ್ನು ವೃತ್ತದ ತುಣುಕೆಂದು ಭಾವಿಸಿ, ಅದರ ಉದ್ದ ಬದಲಾಗದಂತೆ ಹೆದೆಯನ್ನಷ್ಟೇ ಗಿಡ್ಡ ಮಾಡುತ್ತ ಹೋಗಿ. 165 ಸೆಂ.ಮೀ. ಹೆದೆ, 22 ಸೆಂ.ಮೀ. ಶರ ಇರುವಾಗ ಹೆದೆ ಮೂರು ಮಿ.ಮೀ. ಕುಗ್ಗಿದರೆ ಶರ ನಾಲ್ಕು ಮಿ.ಮೀ.ಗಿಂತ ತುಸು ಹೆಚ್ಚೇ ಏರುತ್ತದೆ. ನಿಜವಾದ ರಿಕರ್ವ್ ಬಿಲ್ಲು ವೃತ್ತವಲ್ಲ, ಅದರ ನಡುಭಾಗ ಬಾಗುವುದೇ ಇಲ್ಲ, ತುದಿಗಳು ಉಲ್ಟಾ ಬಾಗಿವೆ, ಹಾಗಾಗಿ ಅಂಕಿ ಬಿಲ್ಲಿನಿಂದ ಬಿಲ್ಲಿಗೆ ಬೇರೆ. ಆದರೂ ಹೆದೆಯ ಸಣ್ಣ ಬದಲಾವಣೆ ಶರದಲ್ಲಿ ಹಿಗ್ಗಿ ಕಾಣುತ್ತದೆ ಎಂಬುದು ನಿಲ್ಲುತ್ತದೆ. ನನ್ನ ಹೆದೆ ಐದು ಮಿ.ಮೀ. ಉದ್ದವಾಗಿದ್ದಕ್ಕೇ ಏಳು ಮಿ.ಮೀ. ಇಳಿದದ್ದಿರಬೇಕು.

ಹೆದೆಯನ್ನು ಗಿಡ್ಡ ಮಾಡುವ ವಿಧಾನ ಹಗ್ಗ ಹೊಸೆಯುವವರೆಲ್ಲರಿಗೂ ಗೊತ್ತು: ಹುರಿ ಹಾಕುವುದು. ಹದಿನಾರೋ ಹದಿನೆಂಟೋ ಎಳೆಗಳು ನೇರವಾಗಿರುವ ಬದಲು ಸುರುಳಿಯಾಗಿ ಓಡಿದರೆ ಅವು ದಾಟುವ ದೂರ ಕಡಿಮೆಯಾಗುತ್ತದೆ. ಆದರೆ ಪ್ರತಿ ಸುತ್ತೂ ಒಂದೇ ಅಳತೆ ಕುಗ್ಗಿಸುವುದಿಲ್ಲ. ಒಟ್ಟು ಕುಗ್ಗುವಿಕೆ ಸುತ್ತುಗಳ ಸಂಖ್ಯೆಯ ವರ್ಗದ ಪ್ರಮಾಣದಲ್ಲಿ ಏರುತ್ತದೆ. ಎರಡು ಮಿಲಿಮೀಟರ್ ಚಿಲ್ಲರೆ ದಪ್ಪದ ಹೆದೆಗೆ ನಾನು ಹಾಕಿದ ಲೆಕ್ಕದಲ್ಲಿ, 20 ಸುತ್ತಿನಿಂದ 25ಕ್ಕೆ ಹೋದಾಗ ಹೆದೆ ಕುಗ್ಗುವುದು ಒಂದೂವರೆ ಮಿ.ಮೀ.ಯಷ್ಟು. 40ರಿಂದ 45ಕ್ಕೆ ಹೋದಾಗ ಅದೇ ಐದು ಸುತ್ತು ಮೂರು ಮಿ.ಮೀ. ಕುಗ್ಗಿಸುತ್ತವೆ. ಹಾಗಾಗಿ ಸುತ್ತು ಎಣಿಸಿ ಸುಮ್ಮನಾಗಬಾರದು, ಏರಿಸಿ ಅಳೆಯಲೇಬೇಕು. ಹುರಿ ತೀರ ಕಡಿಮೆಯಾದರೆ ಎಳೆಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ, ಅತಿಯಾದರೆ ಹೆದೆ ಸ್ಪ್ರಿಂಗಿನ ಹಾಗೆ ಹಿಗ್ಗುತ್ತದೆ. ಹೆದೆ ಸವೆಯದಂತೆ ನಡುಭಾಗಕ್ಕೆ ಸುತ್ತುವ ಸರ್ವಿಂಗ್ ದಾರ ಹೋದ ದಿಕ್ಕಿಗೇ ಹುರಿಯೂ ಹೋಗಬೇಕು, ಇಲ್ಲವಾದರೆ ಅದು ಸಡಿಲವಾಗುತ್ತದೆ.

ಹೆದೆಯ ನಾರಿನ ಕಥೆ ಉದ್ದವಾದದ್ದು. ಹೆದೆಗೆ 'ಮೌರ್ವಿ' ಎಂಬ ಹೆಸರು ಬಂದದ್ದು ಮೂರ್ವಾ ಎಂಬ ನಾರಿನ ಗಿಡದಿಂದ. ಬೇರೆ ನಾಡುಗಳಲ್ಲಿ ರೇಷ್ಮೆ, ಸೆಣಬು, ಪ್ರಾಣಿಗಳ ಸ್ನಾಯುರಜ್ಜು ಬಳಕೆಯಾದವು. ಇಪ್ಪತ್ತನೆಯ ಶತಮಾನದಲ್ಲಿ ಡೇಕ್ರಾನ್ ಎಂಬ ಪಾಲಿಯೆಸ್ಟರ್ ದಾರ ಬಂತು. ಅದು ಚೆನ್ನಾಗಿ ಹಿಗ್ಗುತ್ತದೆ, ಹಿಗ್ಗುವಾಗ ಶಕ್ತಿಯನ್ನೂ ತಿನ್ನುತ್ತದೆ, ಆದರೆ ಹಳೆಯ ಮರದ ಬಿಲ್ಲಿನ ತುದಿಗಳಿಗೆ ಹಿತ. ಈಗ ಸ್ಪರ್ಧೆಯ ಬಿಲ್ಲುಗಳಲ್ಲಿ ಬಹುಪಾಲು ಇರುವುದು ಡೈನೀಮಾದಂಥ ಬಹಳ ಉದ್ದನೆಯ ಸರಪಳಿಯ ಪಾಲಿಎಥಿಲೀನ್ ಎಳೆಗಳು. ಎಳೆದಾಗ ಇವು ಹಿಗ್ಗುವುದು ಅತ್ಯಲ್ಪ. ಆದರೆ ಎಡೆಬಿಡದೆ ಹೊರೆ ಹೊತ್ತರೆ ಅಣುಸರಪಳಿಗಳು ಒಂದರ ಪಕ್ಕ ಒಂದು ಮೆಲ್ಲಗೆ ಜಾರಿ ಎಳೆ ಉದ್ದವಾಗುತ್ತದೆ, ಮತ್ತೆ ಹಿಂದಿರುಗುವುದಿಲ್ಲ. ಸೆಕೆ ಹೆಚ್ಚಿದಷ್ಟೂ ಈ ಜಾರಾಟ ಹೆಚ್ಚು. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಲ್ಲು ಬಿಡಬೇಡಿ ಎಂದು ಹಿರಿಯರು ಗದರುವುದಕ್ಕೆ ಇದೂ ಒಂದು ಕಾರಣ. ಅಲ್ಲಿ ಲಿಂಬ್‌ನ ಪದರಗಳೂ ಬಿಡಬಹುದು.

ಹಾಗಾದರೆ ಸರಿಯಾದ ಅಳತೆ ಸಿಗುವುದು ಹೇಗೆ? ತಯಾರಕರು ಕೊಟ್ಟ ವ್ಯಾಪ್ತಿಯ ಕೆಳತುದಿಯಿಂದ ಶುರುಮಾಡಿ, ಐದಾರು ಬಾಣ ಬಿಟ್ಟು, ಮೂರ್ನಾಲ್ಕು ಸುತ್ತು ಹಾಕಿ, ಮತ್ತೆ ಬಿಡುತ್ತ ಮೇಲೇರಬೇಕು. ಆಗ ಗಮನ ಗುರಿಯ ಮೇಲಲ್ಲ, ಕಿವಿಯ ಮೇಲೆ. ಬಾಣಕ್ಕೆ ಸೇರದ ಶಕ್ತಿ ಲಿಂಬ್‌ಗಳಲ್ಲಿ, ಹೆದೆಯಲ್ಲಿ ಉಳಿದು ಕಂಪನವಾಗಿ, ಸದ್ದಾಗಿ ಹೊರಬರುತ್ತದೆ. ಅಳತೆ ತಪ್ಪಿದ ಬಿಲ್ಲು ಒಡಕು ದನಿಯಲ್ಲಿ 'ಫಟ್' ಎನ್ನುತ್ತದೆ, ಅಂಗೈ ಜುಮ್ಮೆನ್ನುತ್ತದೆ. ಸುತ್ತು ಹಾಕುತ್ತ ಹೋದಂತೆ ಒಂದು ಹಂತದಲ್ಲಿ ಸದ್ದು ಮೆತ್ತಗಾಗಿ ದುಂಡಗಾಗುತ್ತದೆ, ಕೈಯಲ್ಲಿ ಬಿಲ್ಲು ತಣ್ಣಗಿರುತ್ತದೆ. ಇನ್ನೂ ಮೇಲೇರಿದರೆ ಮತ್ತೆ ಒರಟು. ಮೃದಂಗಕ್ಕೆ ಶ್ರುತಿ ಕೂಡಿಸುವವರನ್ನು ಹತ್ತಿರದಿಂದ ನೋಡಿದವರಿಗೆ ಈ ಆಲಿಸುವಿಕೆ ಹೊಸದೆನಿಸದು. ಕೋಷ್ಟಕದ ಅಂಕಿಗಿಂತ ನಾನು ಈ ಸದ್ದನ್ನೇ ಹೆಚ್ಚು ನಂಬುತ್ತೇನೆ.

ಅಳತೆ ಗೊತ್ತಾದ ಮೇಲೆ ಬಾಣ ಕೂರುವ ನಾಕಿಂಗ್ ಪಾಯಿಂಟನ್ನು ಮತ್ತೊಮ್ಮೆ ನೋಡಬೇಕು, ಹುರಿ ಹಾಕಿದಾಗ ಅದೂ ಸ್ವಲ್ಪ ಸರಿದಿರುತ್ತದೆ. ಅಲ್ಲಿ ಸುತ್ತುವ ದಾರ ಹಗುರವಿರಲಿ. ಹೆದೆಯ ತುದಿಗಳು ಹೆಚ್ಚು ಚಲಿಸುವುದಿಲ್ಲ, ನಡುಭಾಗ ಮಾತ್ರ ಬಾಣದಷ್ಟೇ ವೇಗದಲ್ಲಿ ಓಡುತ್ತದೆ. ಹೀಗಾಗಿ ಇಡೀ ಹೆದೆಯ ತೂಕದಲ್ಲಿ ಮೂರನೇ ಒಂದು ಪಾಲು ಮಾತ್ರ ಬಾಣಕ್ಕೆ ಹೊರೆಯಾದರೆ, ನಡುವೆ ಸೇರಿಸಿದ್ದು ಪೂರ್ತಿ ಹೊರೆಯಾಗುತ್ತದೆ.

ನನ್ನ ಚೀಲದಲ್ಲಿ ಈಗ ಇನ್ನೊಂದು ಹೆದೆ ಇರುತ್ತದೆ. ಅಷ್ಟೇ ಎಳೆ, ಅದೇ ದಾರ. ಹೊಸದಾಗಿ ತಂದಾಗ ಅದರಿಂದ ನೂರಾರು ಬಾಣ ಬಿಟ್ಟು, ಜಾರುವಷ್ಟು ಜಾರಿದ ಮೇಲೆ ಹುರಿ ಕೂಡಿಸಿ, ಬಿಲ್ಲಿನ ಮೇಲೆ ಅಳೆದು ಇಳಿಸಿಟ್ಟದ್ದು. ಹುರಿ ಬಿಚ್ಚದಂತೆ ಎರಡು ಕುಣಿಕೆಗಳನ್ನೂ ಸೇರಿಸಿ ಕಟ್ಟಿದ್ದೇನೆ. ಕಟ್ಟಿದ ಚೀಟಿಯಲ್ಲಿ ಬರೆದಿದೆ: 22.3.