ಆ ಗುಮ್ಮಟವನ್ನು ಯಾರು ಊಹಿಸುತ್ತಿದ್ದರು?

ಮಡಿಕೇರಿಯ ಓಂಕಾರೇಶ್ವರ ದೇವಸ್ಥಾನ ಇವತ್ತು ಇಲ್ಲ ಅಂದುಕೊಳ್ಳಿ. ಎಂದೋ ಕುಸಿದು ಹೋಗಿದೆ. ಫೋಟೊ ಇಲ್ಲ, ಚಿತ್ರವೂ ಇಲ್ಲ. ಉಳಿದಿರುವುದು ಅಡಿಪಾಯ, ಎದುರಿನ ಕೆರೆ, ಮತ್ತೆ '1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ ಶಿವನ ಗುಡಿ' ಎಂಬ ಒಂದೇ ಸಾಲು. ಇದನ್ನು ಕಂಪ್ಯೂಟರಿನಲ್ಲಿ ಮತ್ತೆ ಕಟ್ಟಿಕೊಡಿ ಎಂದು ಯಾರಾದರೂ ಬಂದರೆ ನಾನು ಏನು ಕಟ್ಟುತ್ತಿದ್ದೆ?

ಮಳೆ ಜಾಸ್ತಿ, ಕೇರಳ ಪಕ್ಕದಲ್ಲೇ ಇದೆ, ಹಾಗಾಗಿ ಇಳಿಜಾರಿನ ಮಾಡು ಇಡುತ್ತಿದ್ದೆ. ಇಲ್ಲವೇ ಮೈಸೂರಿನ ಕಡೆ ನೋಡಿ ಒಂದು ಗೋಪುರ. ನಿಜವಾದ ಗುಡಿಯಲ್ಲಿ ಇರುವಂತೆ ನಡುವೆ ಗುಮ್ಮಟ, ನಾಲ್ಕು ಮೂಲೆಗೂ ಮಿನಾರಿನಂಥ ಗೋಪುರಗಳು ಮಾತ್ರ ಖಂಡಿತ ಹೊಳೆಯುತ್ತಿರಲಿಲ್ಲ. ಅದೇ ಊರಿನ ಗದ್ದುಗೆಯಲ್ಲಿ ಅಂಥದೇ ಗುಮ್ಮಟಗಳಿವೆಯಲ್ಲ ಎಂದು ನೀವು ಕೇಳಬಹುದು. 'ಅದು ಸಮಾಧಿ, ಇದು ದೇವಸ್ಥಾನ' ಎಂದು ಪಕ್ಕಕ್ಕಿಟ್ಟು ಬಿಡುತ್ತಿದ್ದೆ. ನೋಡಿದವರೂ 'ಎಷ್ಟು ಚೆನ್ನಾಗಿದೆ' ಎನ್ನುತ್ತಿದ್ದರು. ಪೂರಾ ತಪ್ಪು ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಹಳೆಯ ಜಾಗಗಳನ್ನು ವಿಆರ್ (ವರ್ಚುವಲ್ ರಿಯಾಲಿಟಿ) ಕನ್ನಡಕದೊಳಗೆ ಓಡಾಡುವಂತೆ ಕಟ್ಟುವುದು ನನ್ನ ಕೆಲಸ. ಹೊಸದಾಗಿ ಈ ಕೆಲಸಕ್ಕೆ ಬರುವ ಹುಡುಗರಿಗೆ ನಾನು ಮೊದಲು ಹೇಳುವುದು ಈ ಗುಮ್ಮಟದ ಮಾತನ್ನೇ.

ಇದು ಸುಮ್ನೆ ತಮಾಷೆಯ ಲೆಕ್ಕ ಅಲ್ಲ. ಮಡಿಕೇರಿ ಕೋಟೆಯೊಳಗೆ ವೀರಭದ್ರನ ಗುಡಿಯೊಂದು ನಿಜವಾಗಿಯೂ ಇತ್ತು. ಬ್ರಿಟಿಷರು ಅದನ್ನು ಕೆಡವಿ 1850ರ ದಶಕದಲ್ಲಿ ಸೇಂಟ್ ಮಾರ್ಕ್ಸ್ ಚರ್ಚ್ ಕಟ್ಟಿದರು. ಈಗ ಆ ಚರ್ಚಿನಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯ ಇದೆ. ಕೋಟೆಯ ಮಾದರಿ ಮಾಡುವಾಗ ಆ ಗುಡಿಯನ್ನು ಹೇಗೆ ತೋರಿಸುವುದು? ನನ್ನ ಕೈಯಲ್ಲಿ ಅದರ ಚಿತ್ರ ಒಂದೂ ಇರಲಿಲ್ಲ. ಕೊನೆಗೆ ನೆಲದ ಮೇಲೆ ಒಂದು ಮಸುಕಾದ ಬೂದು ಚೌಕ ಇಟ್ಟೆ, ಅಷ್ಟೆ. ಗೋಡೆ ಇಲ್ಲ, ಮಾಡಿಲ್ಲ. ಅದರ ಮೇಲೆ ಕಾಲಿಟ್ಟರೆ 'ಇಲ್ಲಿ ಗುಡಿ ಇತ್ತು, ಅದರ ಆಕಾರ ತೋರಿಸುವ ಆಧಾರ ನಮ್ಮಲ್ಲಿಲ್ಲ' ಎಂದು ಕೇಳಿಸುತ್ತದೆ. ಕೆಲಸ ಕೊಟ್ಟವರಿಗೆ ಅದು ಹಿಡಿಸಲಿಲ್ಲ. "ದುಡ್ಡು ಕೊಟ್ಟು ಖಾಲಿ ನೆಲ ನೋಡಬೇಕಾ ಸರ್?" ಎಂದರು. ಅದೇ ಜನ ಅರಮನೆಯೊಳಗೆ ಚಿನ್ನದ ಸಿಂಹಾಸನ ಒಂದನ್ನೂ ಕೇಳಿದ್ದರು. ಸಿಂಹಾಸನ ಇಡಲಿಲ್ಲ. ಬೂದು ಚೌಕಕ್ಕೆ ಒಂದು ತಿಂಗಳು ವಾದ ಮಾಡಿದೆ.

ಈ ವಾದದಲ್ಲಿ ನನ್ನ ಬೆನ್ನಿಗೆ ಇರುವುದು ಲಂಡನ್ ಚಾರ್ಟರ್. ಪರಂಪರೆಯ ತಾಣಗಳನ್ನು ಕಂಪ್ಯೂಟರಿನಲ್ಲಿ ತೋರಿಸುವವರು ಒಪ್ಪಿಕೊಂಡ ನಿಯಮಗಳು ಅವು. ಈಗ ಬಳಕೆಯಲ್ಲಿರುವ ರೂಪ 2009ರದ್ದು. ಅದರ ತಿರುಳು ಇಷ್ಟು: ಯಾವುದು ಆಧಾರ, ಯಾವುದು ಊಹೆ ಎಂದು ನೋಡುಗನಿಗೆ ಗೊತ್ತಾಗಬೇಕು. ಊಹೆ ಮಾಡಿದರೆ ಯಾಕೆ ಹಾಗೆ ಮಾಡಿದಿರಿ ಎಂದು ಬರೆದಿಡಬೇಕು. ಈ ಬರಹಕ್ಕೆ ಪ್ಯಾರಾಡೇಟಾ ಅನ್ನುತ್ತಾರೆ. ನಾನು ಅದನ್ನು ಒಂದು ಗುಂಡಿಯಾಗಿ ಮಾಡಿದ್ದೇನೆ. ಒತ್ತಿದರೆ ಕಟ್ಟಡದ ಬಣ್ಣ ಬದಲಾಗುತ್ತದೆ. ಇಂದಿಗೂ ನಿಂತಿರುವ ಭಾಗ ಹಸಿರು, ಹಳೆಯ ಚಿತ್ರವೋ ಬರಹವೋ ನೋಡಿ ಕಟ್ಟಿದ್ದು ಹಳದಿ, ನಾನು ಊಹಿಸಿದ್ದು ಕೆಂಪು. ಕೆಂಪು ಜಾಸ್ತಿ ಕಂಡರೆ ನಾಚಿಕೆ ಆಗುತ್ತದೆ. ಆಗಲಿ ಎಂದೇ ಆ ಗುಂಡಿ ಇಟ್ಟಿರುವುದು.

ಇನ್ನೊಂದು ತಲೆನೋವು, ಯಾವ ವರ್ಷದ ಕೋಟೆ ತೋರಿಸುವುದು ಅನ್ನುವುದು. ಕೊಡಗಿನ ಅರಸ ಮುದ್ದುರಾಜ 17ನೇ ಶತಮಾನದ ಕೊನೆಯ ಹೊತ್ತಿಗೆ ಕಟ್ಟಿಸಿದ್ದು ಮಣ್ಣಿನ ಕೋಟೆ. ಅದನ್ನು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಎಂದು ಹೆಸರಿಟ್ಟವನು ಟಿಪ್ಪು. 1790ರಲ್ಲಿ ದೊಡ್ಡ ವೀರರಾಜೇಂದ್ರ ಅದನ್ನು ಮರಳಿ ಪಡೆದ. ಈಗ ನಾವು ನೋಡುವ ಅರಮನೆಗೆ ರೂಪ ಬಂದಿದ್ದು 1812ರಿಂದ 1814ರ ನಡುವೆ, ಲಿಂಗರಾಜೇಂದ್ರನ ಕಾಲದಲ್ಲಿ. 1834ರಲ್ಲಿ ಕೊಡಗು ಬ್ರಿಟಿಷರ ಕೈಗೆ ಹೋಯಿತು. ಮುಂಭಾಗದ ಪೋರ್ಟಿಕೊ ಕಮಿಷನರ ಕಾರು ನಿಲ್ಲಲಿ ಎಂದು 1933ರಲ್ಲಿ ಸೇರಿಸಿದ್ದು! ಪ್ರವಾಸಿಗರು ಅದರ ಕೆಳಗೆ ನಿಂತು 'ರಾಜರ ಕಾಲದ ಬಾಗಿಲು' ಎಂದು ಸೆಲ್ಫಿ ತೆಗೆದುಕೊಳ್ಳುತ್ತಾರೆ. ಅದಕ್ಕೇ ಒಂದು ಕಾಲ ಆರಿಸಿ ಕೂರಲಿಲ್ಲ. ಕೈಯಲ್ಲಿ ಹಿಡಿದ ಕಂಟ್ರೋಲರ್ ತಿರುಗಿಸಿದಂತೆ ವರ್ಷ ಹಿಂದಕ್ಕೆ ಹೋಗುವ ಹಾಗೆ ಮಾಡಿದೆ. ಮೊದಲು ಪೋರ್ಟಿಕೊ ಮಾಯ, ಆಮೇಲೆ ಚರ್ಚ್ ಮಾಯ, ಬೂದು ಚೌಕ ಹಾಜರು. ಮಣ್ಣಿನ ಕೋಟೆಯ ತನಕ ಹೋದರೆ ಹೆಚ್ಚುಕಮ್ಮಿ ಎಲ್ಲವೂ ಕೆಂಪೇ.

ನಿಂತಿರುವ ಕಟ್ಟಡವನ್ನು ಅಳೆಯುವುದು ಇಷ್ಟು ಕಷ್ಟ ಅಲ್ಲ. ನೂರಾರು ಫೋಟೊ ತೆಗೆಯುತ್ತೇವೆ. ಒಂದೇ ಕಲ್ಲು ಬೇರೆ ಬೇರೆ ಕೋನದಿಂದ ಕನಿಷ್ಠ ಮೂರು ಫೋಟೊಗಳಲ್ಲಾದರೂ ಬರಬೇಕು. ಆ ಕಲ್ಲು ಎಲ್ಲಿದೆ ಎಂದು ಸಾಫ್ಟ್‌ವೇರ್ ಲೆಕ್ಕ ಹಾಕುತ್ತದೆ. ಇದೇ ಫೋಟೊಗ್ರಾಮೆಟ್ರಿ. ಬಿಸಿಲಿದ್ದರೆ ನೆರಳು ಕಲ್ಲಿಗೆ ಅಂಟಿಕೊಂಡು ಬಿಡುತ್ತದೆ. ಮಳೆಯಿದ್ದರೆ ಒದ್ದೆ ಕಲ್ಲು ಹೊಳೆಯುತ್ತದೆ. ಬೇಕಾದ್ದು ಮೋಡ ಇದ್ದೂ ಮಳೆ ಬಾರದ ದಿನ. ಮಡಿಕೇರಿಯಲ್ಲಿ ಅಂಥ ದಿನ ಹುಡುಕುವುದು ಎಷ್ಟು ಕಷ್ಟ ಎಂದು ನಿಮಗೆ ಗೊತ್ತಲ್ವಾ? ಓಂಕಾರೇಶ್ವರದಲ್ಲಿ ನನಗೆ ಇನ್ನೊಂದು ಪಾಠ ಆಯಿತು. ಕೆರೆಯ ನೀರಿನಲ್ಲಿ ಬಿದ್ದ ಪ್ರತಿಬಿಂಬವನ್ನೂ ಸಾಫ್ಟ್‌ವೇರ್ ಕಟ್ಟಡ ಎಂದೇ ನಂಬಿತು. ರಾತ್ರಿಯಿಡೀ ಲೆಕ್ಕ ಹಾಕಿ ಬೆಳಿಗ್ಗೆ ನೋಡಿದರೆ ನೆಲದ ಕೆಳಗೆ ತಲೆಕೆಳಗಾದ ಇನ್ನೊಂದು ದೇವಸ್ಥಾನ.

ಇನ್ನು ನೋಡುಗರ ಹೊಟ್ಟೆಯ ವಿಷಯ. ಸಂಪಾಜೆ ಘಾಟಿ ಹತ್ತುವಾಗ ಬಸ್ಸಿನೊಳಗೆ ವಾಂತಿ ಯಾಕೆ ಬರುತ್ತದೆ? ಕಣ್ಣು ಮುಂದಿನ ಸೀಟು ನೋಡಿ 'ಅಲ್ಲಾಡುತ್ತಿಲ್ಲ' ಎನ್ನುತ್ತದೆ, ಕಿವಿಯೊಳಗಿನ ಸಮತೋಲನದ ಅಂಗ 'ತಿರುಗುತ್ತಿದ್ದೇವೆ' ಎನ್ನುತ್ತದೆ. ವಿಆರ್‌ನಲ್ಲಿ ಇದೇ ಜಗಳ ಉಲ್ಟಾ. ಕಣ್ಣು ನಡೆಯುತ್ತದೆ, ದೇಹ ಕೂತಿರುತ್ತದೆ. ನಮ್ಮಲ್ಲಿಗೆ ಬರುವವರಲ್ಲಿ ಎಷ್ಟೋ ಜನ ಆಗಷ್ಟೇ ಘಾಟಿ ಹತ್ತಿ ಬಂದವರು ಬೇರೆ. ಅದಕ್ಕೆ ನಡೆಸುವುದನ್ನೇ ಬಿಟ್ಟೆ. ಕೈ ತೋರಿಸಿದ ಕಡೆಗೆ ಒಂದೇ ಸಲಕ್ಕೆ ಹಾರಿ ನಿಲ್ಲುವ ಹಾಗೆ ಮಾಡಿದೆ. ಚಿತ್ರ ತಡವರಿಸಿದರೂ ಹೊಟ್ಟೆ ತೊಳಸುತ್ತದೆ, ಹಾಗಾಗಿ ಸೆಕೆಂಡಿಗೆ 72 ಚಿತ್ರಕ್ಕಿಂತ ಕಡಿಮೆ ಆಗದಂತೆ ಮಾದರಿಯನ್ನು ಹಗುರ ಮಾಡಬೇಕು. ಮಾದರಿಯ ಮೈ ಆಗಿರುವುದು ಸಣ್ಣ ಸಣ್ಣ ತ್ರಿಕೋನಗಳಿಂದ; ಸ್ಕ್ಯಾನ್‌ನಲ್ಲಿ ಕೋಟಿಗಟ್ಟಲೆ ಬರುವ ಅವನ್ನು ಕೆಲವು ಲಕ್ಷಕ್ಕೆ ಇಳಿಸುವುದೇ ತಿಂಗಳುಗಟ್ಟಲೆಯ ಕೆಲಸ. ಕಣ್ಣಿನ ಜೊತೆ ದೇಹವೂ ತಿರುಗಲಿ ಎಂದು ಒಂದು ತಿರುಗುವ ಕುರ್ಚಿಯನ್ನೂ ಇಟ್ಟಿದ್ದೇವೆ. ಖರ್ಚಿನಲ್ಲಿ ಎಲ್ಲಕ್ಕಿಂತ ಸಣ್ಣದು, ಉಪಕಾರದಲ್ಲಿ ದೊಡ್ಡದು.

ನನಗೆ ಇಷ್ಟವಾದ ಕೆಲಸ ಕೋಟೆಯದ್ದಲ್ಲ, ಒಂದು ಐನ್‌ಮನೆಯದ್ದು, ಅಂದರೆ ಕೊಡವ ಕುಲದ ಮೂಲಮನೆಯದ್ದು. ಆ ಒಕ್ಕದ (ಕುಲದ) ಹಿರಿಯ ಯಜಮಾನ, ಪಟ್ಟೆದಾರರೇ ಕೇಳಿಕೊಂಡಿದ್ದರು. ಕೈಮಡವನ್ನು ಸ್ಕ್ಯಾನ್ ಮಾಡುವುದಿಲ್ಲ ಎಂದು ಮೊದಲೇ ಮಾತಾಗಿತ್ತು, ಅದು ತೀರಿಹೋದ ಹಿರಿಯರನ್ನು ಪೂಜಿಸುವ ಗುಡಿ. ಓಣಿಯಿಂದ ಶುರುವಾಗಿ ಕೈಯಾಲೆ (ಜಗಲಿ), ಐಮರ (ಕಂಬಗಳ ನಡುವೆ ಕೂರುವ ಮರದ ಹಲಗೆ), ಒಳಗೆ ನೆಲ್ಲಕ್ಕಿ ನಡುಬಾಡೆ (ನಡುಮನೆ) ತನಕ ಎಲ್ಲ ಕಟ್ಟಿದೆ. ಕೆತ್ತನೆಯ ಕಂಬಗಳು ಮಿನುಗುತ್ತಿದ್ದವು. ಹೆಮ್ಮೆಯಿಂದ ಮನೆಯ ಅಜ್ಜಿಗೆ ಕನ್ನಡಕ ತೊಡಿಸಿದೆ. ಸ್ವಲ್ಪ ಹೊತ್ತು ಆ ಕಡೆ ಈ ಕಡೆ ತಲೆ ತಿರುಗಿಸಿದರು.

"ಇದು ಯಾರ ಮನೆ ಮಗಾ?"

"ನಿಮ್ಮದೇ ಅಜ್ಜಿ."

"ನಮ್ಮನೆ ಒಳಗೆ ಇಷ್ಟು ಬೆಳಕು ಎಲ್ಲಿತ್ತು?"

ಅಳತೆ ಎಲ್ಲ ಸರಿಯಿತ್ತು, ಬೆಳಕು ಸುಳ್ಳಾಗಿತ್ತು. ವಿಆರ್ ದೃಶ್ಯ ಮೂಡಿಸುವ ಸಾಫ್ಟ್‌ವೇರ್, ಅಂದರೆ ಗೇಮ್ ಎಂಜಿನ್, ಕತ್ತಲೆ ಕಂಡರೆ ತಾನಾಗಿಯೇ ಎತ್ತಿ ತೋರಿಸುತ್ತದೆ, ಮೊಬೈಲ್ ಕ್ಯಾಮೆರಾ ಮಾಡುವ ಹಾಗೆ. ಚಿಕ್ಕ ಕಿಟಕಿ, ಹೊರಗೆ ಮಳೆ, ಒಳಗೆ ತೂಗುದೀಪ ಒಂದೇ. ಅಷ್ಟು ಬೆಳಕಿಗೆ ಇಳಿಸಿದೆ. ಕತ್ತಲೆಗೆ ಕಣ್ಣು ಒಗ್ಗುವಂತೆ ನಿಧಾನಕ್ಕೆ ಒಂದೊಂದೇ ಕಾಣುವ ಹಾಗೆ ಮಾಡಿದೆ. ಮೊದಲು ದೀಪ, ಆಮೇಲೆ ಕಂಬ, ಅರ್ಧ ನಿಮಿಷ ಕಾದರೆ ಕೆತ್ತನೆ. ಅಜ್ಜಿ ಎರಡನೇ ಸಲ ನೋಡಿದಾಗ ಮಾತಾಡಲಿಲ್ಲ, ಕನ್ನಡಕವನ್ನೂ ಬೇಗ ತೆಗೆಯಲಿಲ್ಲ. ಬೇರೆಯವರು ಹಾಗಲ್ಲ. ಹತ್ತೇ ಸೆಕೆಂಡಿಗೆ ತೆಗೆದು ನನ್ನ ಕೈಗೆ ಕೊಡುತ್ತಾರೆ, "ಸರ್, ಇದು ಇನ್ನೂ ಆನ್ ಆಗಿಲ್ಲ."